ಒಳಗೆ ಕೂತವನ ಖಾತೆ

ಮನುಷ್ಯ ಬರುವಾಗ ಏನೂ ತರುವುದಿಲ್ಲ, ಹೋಗುವಾಗ ಏನೂ ಒಯ್ಯುವುದಿಲ್ಲ ಎಂಬ ಮಾತನ್ನು ಹಿರಿಯರು ಬಹಳ ಗಂಭೀರವಾಗಿ ಹೇಳಿಹೋಗಿದ್ದಾರೆ. ಅವರಲ್ಲಿ ಯಾರೂ ಒಂದು ಹಳೆಯ ಕಂಪ್ಯೂಟರಿನಿಂದ ಇನ್ನೊಂದು ಹಳೆಯ ಕಂಪ್ಯೂಟರಿಗೆ ಸಾಮಾನು ಸಾಗಿಸಿದವರಲ್ಲ. ನಾನು ಸಾಗಿಸಿದ್ದೇನೆ. ಏನೂ ಒಯ್ಯದೆ ಹೋಗುವುದು ಎಷ್ಟು ಸುಖದ ಕೆಲಸ ಎಂಬುದು ಆ ದಿನ ನನಗೆ ಗೊತ್ತಾಯಿತು.

ನಾನು ಔರಾದದಲ್ಲಿ ಟೈಪಿಂಗ್ ಕಲಿಸುವ ಮಾಸ್ತರ. ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆ; ಮುಂದಿನದರಲ್ಲಿ ಶಾಲೆ, ಹಿಂದಿನದರಲ್ಲಿ ನಾನು. ಶಾಲೆಯ ಮಾಲೀಕರು ಬೀದರದ ಮೈಲೂರಿನಲ್ಲಿರುತ್ತಾರೆ; ತಿಂಗಳಿಗೊಮ್ಮೆ ಫೋನು ಮಾಡಿ ಇನ್ನೂ ಯಾಕೆ ಮುಚ್ಚಿಲ್ಲ ಎಂದು ಕೇಳುತ್ತಾರೆ. ನಾನು ವಿದ್ಯೆ ಕಲಿತದ್ದು ಭಾಲ್ಕಿಯಲ್ಲಿ. ನನ್ನ ಗುರುಗಳು ಕೀಲಿಗಳನ್ನು ನೋಡಿಕೊಂಡು ಟೈಪ್ ಮಾಡುವವರ ಬೆರಳ ಗೆಣ್ಣಿಗೆ ಫೂಟುಪಟ್ಟಿಯಿಂದ ಹೊಡೆಯುತ್ತಿದ್ದರು. ಕೈ ಕೆಲಸ ಮಾಡುವಾಗ ಕಣ್ಣು ಎದುರಿಗಿರಬೇಕು ಎಂಬುದು ಅವರ ಸಿದ್ಧಾಂತ. ಅದು ನನ್ನೊಳಗೆ ಎಷ್ಟು ಇಳಿದಿದೆಯೆಂದರೆ, ಇಂದಿಗೂ ಊಟಕ್ಕೆ ಕೂತರೆ ತಟ್ಟೆಯನ್ನು ನೋಡದೆ ಎದುರಿನ ಗೋಡೆಯನ್ನು ನೋಡುತ್ತ ಉಣ್ಣುತ್ತೇನೆ. ಎದುರಿಗೆ ಯಾರೂ ಕೂರುವುದಿಲ್ಲವಾದ್ದರಿಂದ ಇದರಿಂದ ಯಾರಿಗೂ ತೊಂದರೆಯಾಗಿಲ್ಲ.

ನಮ್ಮಲ್ಲಿ ಆರು ಟೈಪ್‌ರೈಟರು, ಒಂದು ಕಂಪ್ಯೂಟರು. ಕಂಪ್ಯೂಟರು ಒಂದೇ, ಕಲಿಯುವವರು ಹದಿನೆಂಟು. ಒಬ್ಬರ ಬರಹ ಒಬ್ಬರು ಅಳಿಸಿ ಜಗಳವಾಗಬಾರದೆಂದು ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲಿ ಬೇರೆ ಖಾತೆ ಮಾಡಿಕೊಟ್ಟಿದ್ದೆ. ಬೆಳಿಗ್ಗೆ ಮಿಷಿನ್ ತೆರೆದರೆ ಪರದೆಯ ಮೇಲೆ ಹತ್ತೊಂಬತ್ತು ಹೆಸರು ಸಾಲಾಗಿ ನಿಲ್ಲುತ್ತಿದ್ದವು: ಹದಿನೆಂಟು ಅವರವು, ಒಂದು ನನ್ನದು. ನನ್ನ ಖಾತೆಯಲ್ಲಿ ಶಾಲೆಯ ನಿಯಮಾವಳಿ ಇತ್ತು. ನಾನೇ ಏಳು ವರ್ಷ ಕೂತು ರಚಿಸಿದ್ದು; ನಲವತ್ತೆರಡು ಕಲಮುಗಳು. ಒಂಬತ್ತನೆಯ ಕಲಮಿನ ಪ್ರಕಾರ ಪುಸ್ತಕದಲ್ಲಿ ಕೊಟ್ಟ ಪಾಠವನ್ನಲ್ಲದೆ ಬೇರೇನನ್ನೂ ಟೈಪ್ ಮಾಡುವಂತಿಲ್ಲ. ಹನ್ನೊಂದನೆಯ ಕಲಮಿನ ಪ್ರಕಾರ ಬೇರೇನನ್ನಾದರೂ ಟೈಪ್ ಮಾಡಿದರೆ ಅದನ್ನು ಕಾಗದದ ಮೇಲೆ ಅಚ್ಚು ತೆಗೆಯುವಂತಿಲ್ಲ. ಇಂಥ ನಿಯಮಾವಳಿ ಇಡೀ ಜಿಲ್ಲೆಯಲ್ಲಿ ಇನ್ನೊಂದಿಲ್ಲವೆಂದು ನನ್ನ ನಂಬಿಕೆ. ಅದನ್ನು ಪೂರ್ತಿ ಓದಿದವರು ಯಾರೂ ಇಲ್ಲದ್ದರಿಂದ ಈ ನಂಬಿಕೆಗೆ ಈವರೆಗೆ ಭಂಗ ಬಂದಿಲ್ಲ.

ಆಮೇಲೆ ಮಳೆ ನಿಂತಿತು. ಮೊದಲ ವರ್ಷ ಬಾವಿಗಳು ಬತ್ತಿದವು, ಎರಡನೆಯ ವರ್ಷ ಬೋರುಗಳು, ಮೂರನೆಯ ವರ್ಷ ನನ್ನ ಕ್ಲಾಸು. ಒಬ್ಬೊಬ್ಬರಾಗಿ ಹೈದರಾಬಾದು, ಪುಣೆ, ಮುಂಬೈ ಕಡೆ ಮನೆಮಂದಿಯ ಜೊತೆ ಹೊರಟರು. ನಮ್ಮ ಕಡೆ ಹೊರಟವರು ಯಾರೂ ಹೋಗುತ್ತೇನೆ ಅನ್ನುವುದಿಲ್ಲ, ಬರ್ತೇನಿ ಅನ್ನುತ್ತಾರೆ. ಹದಿನೆಂಟು ಮಂದಿಯೂ ಬಾಗಿಲಲ್ಲಿ ನಿಂತು "ಬರ್ತೇನ್ರಿ ಸರ್" ಅಂದರು. ನಾನು ಕಾಗದಪತ್ರದ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೆಯೇ ಸ್ವೀಕರಿಸುವವನು. ಯಾರ ಖಾತೆಯನ್ನೂ ಅಳಿಸಲಿಲ್ಲ. ಪ್ರತಿ ಶನಿವಾರ ಹತ್ತೂವರೆಗೆ ಸ್ನಾನ ಮಾಡಿ, ನೀರಿಲ್ಲದ ವಾರ ಬರೀ ಮುಖ ತೊಳೆದು, ನನ್ನ ಖಾತೆ ತೆರೆದು ಕೂತು, ಹತ್ತೊಂಬತ್ತೂ ಖಾತೆಗಳ ಸಮಸ್ತ ಫೈಲುಗಳನ್ನು ಒಂದು ಹಾರ್ಡ್ ಡಿಸ್ಕಿಗೆ ಬ್ಯಾಕಪ್ ತೆಗೆಯುತ್ತಿದ್ದೆ. ಹಿಂದಿನ ವಾರಕ್ಕೂ ಈ ವಾರಕ್ಕೂ ಅವುಗಳಲ್ಲಿ ಒಂದಕ್ಷರ ಹೆಚ್ಚಾಗಿರುತ್ತಿರಲಿಲ್ಲ. ಆದರೂ ಮುಗಿದ ಮೇಲೆ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಬೀಗ ಹಾಕುವಾಗ ಏನೋ ಒಂದು ಸಮಾಧಾನ.

ಗುರುವಾರ ಟೈಪ್‌ರೈಟರುಗಳ ಪಾಳಿ. ಕೀಲಿಗಳು ತುಕ್ಕು ಹಿಡಿಯಬಾರದೆಂದು ಒಂದೊಂದರ ಮುಂದೂ ಕೂತು ಒಂದೊಂದು ಪುಟ ಬಡಿಯುತ್ತೇನೆ. ಹೊರಗೆ ಹೋಗುವವರಿಗೆ ಕ್ಲಾಸು ಜೋರಾಗಿ ನಡೆದಿದೆ ಎಂದೇ ಕೇಳುತ್ತದೆ. ಒಂದು ಗುರುವಾರ ಈ ಸಪ್ಪಳ ನಂಬಿ ಒಬ್ಬ ಯಜಮಾನರು ಸೊಸೆಯ ಹೆಸರು ಹಚ್ಚಲು ಒಳಗೆ ಬಂದರು. ನಾನು ಮೂರನೆಯ ಸ್ಟೂಲಿನಿಂದ ಎದ್ದು ನಾಲ್ಕನೆಯ ಸ್ಟೂಲಿಗೆ ಹೋಗುತ್ತಿದ್ದೆ. ಅವರು ಸ್ವಲ್ಪ ಹೊತ್ತು ನೋಡಿ, ಅಮಾವಾಸ್ಯೆ ಕಳೀಲಿ, ಆಮೇಲೆ ಬರ್ತೇವೆ ಎಂದು ಹೇಳಿ ಹೋದರು. ಅಮಾವಾಸ್ಯೆಗಳು ಕಳೆಯುತ್ತಲೇ ಇವೆ.

ಇಂಥ ದಿನಗಳಲ್ಲಿ ಕರೆಂಟು ಒಮ್ಮೆ ಏರಿ ಒಮ್ಮೆ ಇಳಿದು ಕಂಪ್ಯೂಟರು ಸುಟ್ಟ ವಾಸನೆ ಬಿಟ್ಟು ನಿಂತುಹೋಯಿತು. ಸತ್ಯ ಹೇಳಬೇಕೆಂದರೆ ಒಂದು ವಾರ ನಾನು ಅದರ ತಂಟೆಗೇ ಹೋಗಲಿಲ್ಲ. ಯಾರ ಕೆಲಸ ನಿಲ್ಲಬೇಕು? ಎಂಟನೆಯ ದಿನ ಹೈದರಾಬಾದಿನಿಂದ ಮಹಾನಂದಾಳ ಫೋನು ಬಂತು.

ಮಹಾನಂದಾ ನಮ್ಮ ತಾಲೂಕಿನ ಎಕಂಬಾದವಳು; ತಂದೆ ಇಲ್ಲದ ಮನೆಯ ಹಿರಿಮಗಳು. ನೌಕರಿ ಸಿಗುವುದೆಂದು ಟೈಪಿಂಗಿಗೆ ಸೇರಿ, ಬರ ಬಿದ್ದ ಮೇಲೆ ತಾಯಿ ಮತ್ತು ತಂಗಿಯ ಜೊತೆ ಹೋಗಿ ಅಲ್ಲೊಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಇಲ್ಲಿದ್ದಾಗಲೂ ಕೀಲಿಗಳನ್ನು ರೊಟ್ಟಿ ಬಡಿದ ಹಾಗೆಯೇ ಬಡಿಯುತ್ತಿದ್ದಳು. ಸದ್ದು ಬಹಳ, ತಪ್ಪು ಒಂದೂ ಇಲ್ಲ. ತಪ್ಪಿದ್ದದ್ದು ಪಾಠದಲ್ಲಿ. ಪುಸ್ತಕದ ಪಾಠ ಬಿಟ್ಟು ತನ್ನ ಓಣಿಯ ಮನೆಗಳ ಪಟ್ಟಿ ಟೈಪ್ ಮಾಡುತ್ತಿದ್ದಳು. ಊರ ಹೆಬ್ಬಾಗಿಲಾದ ಅಗಸಿಯ ಕಡೆಯಿಂದ ಶುರುಮಾಡಿ ಒಂದರ ಹಿಂದೊಂದು ಮೂವತ್ತೊಂದು ಮನೆ: ಮನೆಯವರ ಹೆಸರು, ಬೀಗ ಹಾಕಿಕೊಂಡು ಯಾವ ಊರಿಗೆ ಹೋದರು, ಅಲ್ಲಿ ಯಾರ ಫೋನಿಗೆ ಮಾಡಿದರೆ ಸಿಗುತ್ತಾರೆ. ಹೊರಡುವ ದಿನ ಅದರದೊಂದು ಪ್ರತಿ ತೆಗೆದುಕೊಡಿ ಎಂದು ಕೇಳಿದ್ದಳು. ನಾನು ಹನ್ನೊಂದನೆಯ ಕಲಮನ್ನು ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಬರ್ತೇನ್ರಿ ಸರ್ ಅಂದು ಹೋದಳು.

ಈಗ ಅವಳ ತಂಗಿಯ ಲಗ್ನ ಗೊತ್ತಾಗಿತ್ತು. ಲಗ್ನ ಎಕಂಬಾದಲ್ಲೇ ಆಗಬೇಕೆಂದು ತಾಯಿಯ ಹಟ. ನಂಬರುಗಳಿದ್ದ ಮೊಬೈಲು ರೊಟ್ಟಿ ಹಿಟ್ಟಿನ ಬಿಸಿನೀರಿನ ಪಾತ್ರೆಯಲ್ಲಿ ಬಿದ್ದು ಮುಗಿದಿತ್ತು. ಓಣಿಯವರನ್ನು ಲಗ್ನಕ್ಕೆ ಕರೆಯುವ ಹೇಳಿಕೆಗೆ ಅಲ್ಲಿ ಒಂದು ಕಟ್ಟುನಿಟ್ಟು ಇದೆ: ಅಗಸಿಯ ಕಡೆಯ ಮೊದಲ ಮನೆಯಿಂದ ಸಾಲಾಗಿ ಹೇಳಿಕೊಂಡು ಬರಬೇಕು, ಒಂದು ಮನೆ ದಾಟಿ ಮುಂದಿನ ಮನೆಗೆ ಹೇಳಿದರೆ ದಾಟಿದ ಮನೆಯವರು ಬರುವುದಿಲ್ಲ, ಮೂರು ತಲೆಮಾರು ಅದನ್ನು ಮರೆಯುವುದೂ ಇಲ್ಲ. ಮನೆಗಳೇನೋ ಸಾಲಾಗಿಯೇ ನಿಂತಿವೆ, ಮನೆಯವರು ನಾಲ್ಕು ಊರುಗಳಲ್ಲಿದ್ದಾರೆ.

"ಅಪ್ಪ ಇಲ್ಲದ ಮನಿ ಲಗ್ನರಿ ಸರ್," ಅಂದಳು. "ಓಣಿ ಮಂದಿನೂ ಬರಲಿಲ್ಲಂದ್ರ ಅಕ್ಕಿಕಾಳು ಹಾಕಲಿಕ್ಕಿ ನಾನು, ನಮ್ಮವ್ವ ಇಬ್ಬರೇ ನಿಲ್ತೇವಿ. ಆ ಫೈಲ್ ಅದನೋ ಇಲ್ಲೋ ಅಷ್ಟು ನೋಡಿ ಹೇಳ್ರಿ."

ಆ ಪ್ರತಿಯ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಹನ್ನೊಂದನೆಯ ಕಲಮನ್ನು ಸಮರ್ಥಿಸಿಕೊಳ್ಳಲು ನನ್ನ ಹತ್ತಿರ ಸಾಕಷ್ಟು ವಾದಗಳಿದ್ದವು. ಎತ್ತದಿದ್ದುದರಿಂದ ಒಂದೂ ಉಪಯೋಗಕ್ಕೆ ಬರಲಿಲ್ಲ.

ಮಾಲೀಕರ ಕೈಕಾಲು ಹಿಡಿದು ಮೈಲೂರಿನ ಅವರ ಮನೆಯ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರನ್ನು ಇಳಿಸಿದೆ. ಇನ್ನಷ್ಟು ದಿನ ಮುಚ್ಚುವುದಿಲ್ಲ ಎಂದಾಯಿತು ಎಂದು ಅವರು ನಿಟ್ಟುಸಿರು ಬಿಟ್ಟರು. ಅದನ್ನೂ ಔರಾದದಿಂದ ತಂದಿದ್ದ ಸುಟ್ಟ ಕಂಪ್ಯೂಟರನ್ನೂ ಆಟೋದಲ್ಲಿ ಹಾಕಿಕೊಂಡು, ಟವೆಲಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬೀದರದಲ್ಲೇ ಇರುವ ನೌಬಾದಕ್ಕೆ ಬಂದೆ. ಅಲ್ಲಿ ನಸೀಮಾ ಎಂಬ ಹೆಣ್ಣುಮಗಳು ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದಾಳೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಖಾತೆಗಳನ್ನು ಹಾಗೇ ಎತ್ತಿ ಇಡಲಿಕ್ಕೆ ಬರುವುದಿಲ್ಲವೆಂದು ಅವಳು ನನಗೆ ತಿಳಿಸಿ ಹೇಳಿದಳು. ಹೊಸ ಮಿಷಿನ್ನಿನಲ್ಲಿ ಒಬ್ಬೊಬ್ಬರ ಹೆಸರಿನ ಖಾತೆಯನ್ನೂ ಹೊಸದಾಗಿ ಮಾಡಬೇಕು, ಆಮೇಲೆ ಬ್ಯಾಕಪ್ಪಿನಿಂದ ಅವರವರ ಫೈಲು ಅವರವರ ಮನೆಗೆ ತುಂಬಬೇಕು. ಅಷ್ಟಾದರೂ ಮಿಷಿನ್ನು ತಕರಾರು ಮಾಡುತ್ತದೆ. ಹೆಸರು ಅದೇ ಇದ್ದರೂ ಹಳೆಯ ಮನುಷ್ಯನ ಗುರುತು ಅದಕ್ಕೆ ಹತ್ತುವುದಿಲ್ಲ, ಇವನ ಸಾಮಾನು ಇವನಿಗೇ ಮುಟ್ಟಲು ಬಿಡುವುದಿಲ್ಲ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹಕ್ಕು ಬರೆದುಕೊಡಬೇಕು. ಹೊಸ ಊರಿಗೆ ಹೋದವರ ಕಥೆ ಎಲ್ಲ ಕಡೆಯೂ ಒಂದೇ ಎಂದುಕೊಂಡೆ.

"ನಿಮ್ಮದು ಮತ್ತ ಆ ಅಕ್ಕಂದು ಎರಡು ಹಾಕ್ತೇನಿ, ಸಾಕಲ್ಲರಿ ಮಾಸ್ತರ?" ಎಂದಳು.

ಹತ್ತೊಂಬತ್ತೂ ಬೇಕೆಂದೆ. ಅವಳು ಒಂದೊಂದೇ ಹೆಸರು ಓದುತ್ತ, ಇವರೆಲ್ಲಿ, ಇವರೆಲ್ಲಿ ಎಂದು ಕೇಳುತ್ತ ಹೋದಳು. ನಾನು ಪುಣೆ, ಹೈದರಾಬಾದು, ಮತ್ತೆ ಪುಣೆ, ಮುಂಬೈ ಎಂದು ಹಾಜರಿ ಕೊಡುತ್ತ ಹೋದೆ. ಹದಿನೆಂಟು ಮುಗಿದ ಮೇಲೆ ಅವಳ ಕೈ ನಿಂತಿತು.

"ಮತ್ತ ಅಲ್ಲಿ ಯಾರ ಅದಾರ್ರಿ?"

"ನಾ ಇದ್ದೇನಲ್ಲವಾ," ಎಂದೆ.

ಅವಳು ನನ್ನನ್ನೂ ನನ್ನ ಟವೆಲನ್ನೂ ಒಮ್ಮೆ ನೋಡಿ, ಹತ್ತೊಂಬತ್ತೂ ಖಾತೆ ಮಾಡಲು ಕೂತಳು. ಮಧ್ಯಾಹ್ನ ತನ್ನ ಡಬ್ಬಿಯಲ್ಲಿದ್ದ ಖಿಚಡಿಯಲ್ಲಿ ಅರ್ಧ ನನಗೆ ಕೊಟ್ಟಳು. ನಾನು ಎದುರಿನ ಗೋಡೆ ನೋಡುತ್ತ ಉಂಡೆ. ಗೋಡೆಯ ಮೇಲೆ ಏನಾದರೂ ಬರೆದಿದೆಯೇ ಎಂದು ಅವಳು ಎರಡು ಸಲ ಹಿಂದಿರುಗಿ ನೋಡಿದಳು.

ಮೂರು ಗಂಟೆಯ ಹೊತ್ತಿಗೆ ಹದಿನೆಂಟು ಖಾತೆಗಳು ತುಂಬಿದವು. ಹತ್ತೊಂಬತ್ತನೆಯದರ ಫೋಲ್ಡರಿನ ಮೇಲೆ ನನ್ನ ಹೆಸರಿತ್ತು, ಒಳಗೆ ಏನೂ ಇರಲಿಲ್ಲ. ಅವಳು ಹಿಂದಿನ ಶನಿವಾರದ್ದು, ಅದರ ಹಿಂದಿನದ್ದು, ಹೋದ ವರ್ಷದ್ದು ಎಲ್ಲ ತೆಗೆದು ನೋಡಿದಳು. ಎಲ್ಲದರಲ್ಲೂ ನಾನು ಖಾಲಿ.

"ಬ್ಯಾಕಪ್ ತಗೊಳ್ಳುವಾಗ ನೀವು ಯಾರ ಖಾತ್ಯಾಗ ಕೂಡ್ತಿದ್ರಿ?"

ನನ್ನದರಲ್ಲೇ, ಇನ್ನಾರದರಲ್ಲಿ ಕೂಡಲಿ ಎಂದೆ.

"ಅಲ್ಲೇ ಆಗ್ಯದ ನೋಡ್ರಿ. ಒಳಗ ಕೂತಾಂವನ ಎತ್ತಲಿಕ್ಕಿ ಈ ಪ್ರೋಗ್ರಾಮಿಗಿ ಬರಂಗಿಲ್ಲ. ಫೈಲ್ ತೆರದಿದ್ರ ಬಿಟ್ಟು ಮುಂದ ಹೋಗ್ತದ. ಎದ್ದು ಹೊರಗ ಹೋದವರದು ಎಲ್ಲಾ ಬರಾಬರ್ ಬಂದದ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಒಂದು ಶನಿವಾರನಾದ್ರೂ ಎದ್ದು ಬೇರೆಯವರ ಖಾತ್ಯಾಗ ಹೋಗಿ ಕೂತಿದ್ರ ನಡೀತಿತ್ತು, ಮಾಸ್ತರ" ಅಂದಳು. ಸುಟ್ಟ ಕಂಪ್ಯೂಟರಿನ ಡಿಸ್ಕು ಸುಟ್ಟೇಹೋಗಿದೆ ಎಂದೂ ಹೇಳಿದಳು.

ನಲವತ್ತೆರಡು ಕಲಮುಗಳಲ್ಲಿ ಎದ್ದು ಹೋಗಬೇಕು ಎಂಬ ಒಂದು ಕಲಮೂ ಇರಲಿಲ್ಲ. ತಡವಾಗಿ ಬರಬಾರದು ಎಂಬುದಕ್ಕೆ ಮೂರು ಕಲಮುಗಳಿದ್ದವು. ಹಾಗೆ ನೋಡಿದರೆ ಬರೆದವನಿಗೇ ಅವುಗಳಲ್ಲಿ ಆರೇಳಕ್ಕಿಂತ ಹೆಚ್ಚು ನೆನಪಿರಲಿಲ್ಲ.

ಮಹಾನಂದಾಳ ಖಾತೆ ತೆರೆದೆವು. ಫೈಲು ಇತ್ತು. ಅವಳ ಕೈಯಲ್ಲಿದ್ದದ್ದು ಖಾನಾವಳಿಯವರ ಹಳೆಯ ಫೋನು, ಬರೀ ಮಾತಾಡಲಿಕ್ಕೆ ಬರುವಂಥದು. ನಸೀಮಾಳ ಸ್ಟೂಲಿನ ಮೇಲೆ ಫೋನು ಹಿಡಿದು ಕೂತು, ಮೊದಲ ಸಲ ಗುರುಗಳ ಸಿದ್ಧಾಂತ ಬಿಟ್ಟು, ಪರದೆಯ ಮೇಲೆ ಬೆರಳಿಟ್ಟು ಬೆರಳನ್ನೇ ನೋಡುತ್ತ ಒಂದೊಂದೇ ಸಾಲು ಓದಿದೆ. ಆ ಕಡೆ ಅವಳು ಬರೆದುಕೊಳ್ಳುತ್ತ ಹ್ಞೂಂ ಅನ್ನುತ್ತಿದ್ದಳು. ಬಡಗ್ಯಾರ ಮನೆ, ಜಹೀರಾಬಾದು. ಕುಂಬಾರ ಲಕ್ಷ್ಮೀಬಾಯಿ, ಪುಣೆ, ಅಳಿಯನ ಫೋನು. ಮೂವತ್ತೊಂದು ಮನೆ ಮುಗಿದವು. ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ನೋಡಿ ನಾನು ಪರದೆಯಿಂದ ಬೆರಳು ತೆಗೆದೆ.

"ಇನ್ನೊಂದು ಅದರಿ ಸರ್. ಓದ್ರಿ," ಅಂದಳು ಮಹಾನಂದಾ.

"ಮಾಸ್ತರು," ಎಂದು ಓದಿದೆ. "ಔರಾದ. ಎಲ್ಲಿಗೂ ಹೋಗೋರಲ್ಲ. ಕಡೀಗಿ ಹೇಳಬೇಕು."

"ಹಾಂ. ನೀವೇ ಓದೀರಿ. ಹೇಳಿಕಿ ಮುಟ್ಟಿತು ಅಂತ ತಿಳ್ಕೊಂಡು ಬಂದುಬಿಡ್ರಿ. ನಿಮಗ ಬ್ಯಾರೆ ಫೋನ್ ಮಾಡಂಗಿಲ್ಲ ನಾ."

ಹೀಗೆ ಒಬ್ಬ ಮನುಷ್ಯ ತನಗೆ ತಾನೇ ಲಗ್ನದ ಹೇಳಿಕೆ ಕೊಟ್ಟುಕೊಂಡದ್ದು ನೌಬಾದದಲ್ಲಿ ಅದೇ ಮೊದಲಿರಬೇಕು. ಹೊರಡುವಾಗ ಆ ಪಟ್ಟಿಯ ಎರಡು ಪ್ರತಿ ಅಚ್ಚು ಹಾಕಿಸಿಕೊಂಡೆ. ತಡೆಯುವ ಕಲಮು ಆಗ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ.

ನನ್ನ ಹೆಸರಿನಲ್ಲಿ ಹೊಸದೊಂದು ಖಾತೆ ಮಾಡಿದ್ದೇವೆ, ಆದರೆ ಖಾಲಿ ಕೋಣೆಗೆ ಹೋಗಿ ಕೂರುವುದು ನನಗೆ ಶಾಲೆಯ ಹಿಂದಿನ ನನ್ನ ಕೋಣೆಯಲ್ಲೇ ಸಾಕಷ್ಟು ಆಗುತ್ತದೆ. ಹಾಗಾಗಿ ಸೋಮವಾರ ಒಬ್ಬರ ಖಾತೆ, ಮಂಗಳವಾರ ಇನ್ನೊಬ್ಬರದು, ಹೀಗೆ ಹದಿನೆಂಟರಲ್ಲೂ ಪಾಳಿಯ ಮೇಲೆ ಕೂರುತ್ತೇನೆ. ಅವು ಕಲಿಯುವವರ ಖಾತೆಗಳು, ಅಧಿಕಾರ ಕಡಿಮೆ. ಗಡಿಯಾರ ಹತ್ತು ನಿಮಿಷ ಹಿಂದಿದೆ, ಅದನ್ನು ಸರಿಪಡಿಸಲು ನನಗೆ ಅನುಮತಿ ಇಲ್ಲ ಎಂದು ಕಂಪ್ಯೂಟರು ದಿನವೂ ಹೇಳುತ್ತದೆ. ನಿಯಮಾವಳಿಯನ್ನು ಮತ್ತೆ ಬರೆಯಲು ಶುರುಮಾಡಿದ್ದೇನೆ. ಈವರೆಗೆ ಒಂದು ಕಲಮು ಆಗಿದೆ: ಶನಿವಾರ ಮಾಸ್ತರು ಎದ್ದು ಬೇರೆಯವರ ಜಾಗದಲ್ಲಿ ಕೂರತಕ್ಕದ್ದು.

ಲಗ್ನಕ್ಕೆ ಮೂವತ್ತೊಂದು ಮನೆಗಳಲ್ಲಿ ಇಪ್ಪತ್ತೇಳು ಮನೆಯವರು ಬಂದರು. ನಾನು ಕಡೆಯ ಪಂಕ್ತಿಯಲ್ಲಿ ಉಂಡು ನಾಲ್ಕು ಗಂಟೆಯ ಬಸ್ಸಿಗೆ ಔರಾದಕ್ಕೆ ಬಂದೆ.