ಮಿಸ್ಟರ್ ಪಾಸ್ಕೋ ಅವರ ದನಿ

ಕ್ಲ್ಯಾರಿ ಪಾಸ್ಕೋನ ಪೀಕಲಾಟಕ್ಕೆಲ್ಲ ಕಾರಣ ಬೆಳಿಗ್ಗೆ ಒಂಬತ್ತಕ್ಕೆ ಬಂದ ಒಂದು ಮೆಸೇಜು. ಆರು ವರ್ಷದಿಂದ ಅರ್ಜಿ ಹಾಕಿ ಕಾಯುತ್ತಿದ್ದ ಸಮುದ್ರದಂಡೆಯ ಮನೆ, ಬಾಲಿನಾದಲ್ಲಿ, ಕೊನೆಗೂ ಖಾಲಿಯಾಗಿತ್ತು. ಹಿರಿಯರ ವಸತಿ ಸಂಸ್ಥೆಗೆ ಫೋನ್ ಮಾಡಿ, ‘ನನ್ನ ದನಿಯೇ ನನ್ನ ಸಹಿ’ ಎಂದು ಮೂರು ಸಲ ಹೇಳಿ ದನಿ ದಾಖಲಿಸಬೇಕು. ಆಮೇಲೆ ಇನ್ನೊಮ್ಮೆ ಫೋನ್ ಮಾಡಿ ಮನೆ ಬೇಕೆಂದು ಒಪ್ಪಿಗೆ ಕೊಡಬೇಕು. ಎರಡೂ ಸಂಜೆ ಐದರೊಳಗೆ ಆಗಬೇಕು. ಇಲ್ಲದಿದ್ದರೆ ಮನೆ ಪಟ್ಟಿಯಲ್ಲಿ ಮುಂದಿನವರ ಪಾಲು.

ಕ್ಲ್ಯಾರಿ ಚಡ್ಡಿಯಲ್ಲೇ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದ. ಸದ್ದಾಗದ ಹಾಗೆ ಕುಣಿದ, ಏಕೆಂದರೆ ಗೋಡೆಯ ಆಚೆ ನೋಲೀನ್ ಇದ್ದಳು.

ಗಣಿಯೂರು ಬ್ರೋಕನ್ ಹಿಲ್‌ನ ಆ ಸಾಲಿನಲ್ಲಿ ಇದ್ದದ್ದು ಮೂರೇ ಮನೆ, ಮೂರರಲ್ಲೂ ಪಿಂಚಣಿದಾರರು, ಗೋಡೆಗಳೋ ಬಿಸ್ಕತ್ತಿನಷ್ಟು ತೆಳು. ಮೂವತ್ತೆಂಟು ವರ್ಷ ಗಣಿಯೊಳಗೆ ಡ್ರಿಲ್ಲು ಹಿಡಿದು ಕ್ಲ್ಯಾರಿಯ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಉಳಿದ ಕಾಲು ಪಾಲನ್ನು ನೋಲೀನ್ ವಹಿಸಿಕೊಂಡಿದ್ದಳು. ಅವಳ ಗಂಡ ಲೆಸ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವನಿಗೆ ಹೇಳಬೇಕಾದ್ದನ್ನೆಲ್ಲ ಅವಳು ಕೆಟಲಿಗೆ, ಬೆಕ್ಕಿಗೆ, ರೇಡಿಯೊದಲ್ಲಿ ಹವಾಮಾನ ಓದುವವನಿಗೆ ಹೇಳುತ್ತಿದ್ದಳು. ಅದೆಲ್ಲವೂ ಗೋಡೆ ದಾಟಿ ಕ್ಲ್ಯಾರಿಗೆ ಬರುತ್ತಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಸಮುದ್ರ ಬರೀ ನೆಪ. ಬೇಕಾಗಿದ್ದದ್ದು ನೋಲೀನ್ ಇಲ್ಲದ ಗೋಡೆ.

ಅವಳು ಬೌಲ್ಸ್ ಆಟದ ಕ್ಲಬ್ಬಿಗೆ ಹೊರಡುವವರೆಗೆ ಕಾದು ಕ್ಲ್ಯಾರಿ ಫೋನ್ ಹಚ್ಚಿದ. ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಫೋನಿನಲ್ಲಿ ಏನೂ ಕೇಳಿಸದಿರುವುದು ಅವನಿಗೆ ಹೊಸದಲ್ಲವಾದ್ದರಿಂದ ಧೈರ್ಯವಾಗಿ ಮೂರು ಸಲ ಹೇಳಿ ಇಟ್ಟ. ಎರಡು ನಿಮಿಷಕ್ಕೆ ಮೆಸೇಜು ಬಂತು: ‘ನಿಮ್ಮ ದನಿ ಕೇಳಿಸಲಿಲ್ಲ. ದಯವಿಟ್ಟು ಮೈಕ್ ಪರೀಕ್ಷಿಸಿ ಮತ್ತೆ ಕರೆ ಮಾಡಿ.’

ಮತ್ತೆ ಮಾಡಿದ. ಮತ್ತೆ ಅದೇ ಮೆಸೇಜು. ನಾಲ್ಕನೆಯ ಸಲ ಅವನು ಕೂಗಿದ ಕೂಗಿಗೆ ಈಚೆ ಮನೆಯ ಜ್ವೊಂಕೊ ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದೇ ಓಡಿಬಂದ. ಜ್ವೊಂಕೊ ಅದೇ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಹುಟ್ಟಿದ್ದು ಯುಗೊಸ್ಲಾವಿಯಾದಲ್ಲಿ, ಕಿವುಡನಾದದ್ದು ಇಲ್ಲಿ.

“ಯಾರಾದ್ರೂ ಸತ್ರೇನೋ?”

“ಮೈಕ್ ಸತ್ತಿದೆ ಕಣೋ!” ಎಂದು ಕ್ಲ್ಯಾರಿ ವಿಷಯ ಹೇಳಿದ. “ನೋಲೀನ್‌ಗೆ ಮಾತ್ರ ಹೇಳಬೇಡ ಮಾರಾಯ. ಗೊತ್ತಾದ್ರೆ ಬೀಳ್ಕೊಡುಗೆ ಭಾಷಣಾನೇ ಆರು ತಿಂಗಳು ಮಾಡ್ತಾಳೆ.”

ಜ್ವೊಂಕೊ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. “ಕವರ್ ತೆಗಿ. ಈ ತೂತು ನೋಡು, ಊರಿನ ಧೂಳೆಲ್ಲ ಇದರೊಳಗೇ ಇದೆ.”

ಕವರ್ ತೆಗೆದರು. ತೂತನ್ನು ಕ್ಲ್ಯಾರಿಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು, ಸರದಿಯ ಮೇಲೆ ಊದಿದರು. ಆಫ್ ಮಾಡಿ ಆನ್ ಮಾಡಿದರು. ಜ್ವೊಂಕೊ ತನ್ನ ಮನೆಯಿಂದ ಕಸ ಎಳೆಯುವ ಮೆಷಿನ್ ತಂದು ತೂತಿಗೆ ಹಿಡಿದ. ಅದು ಫೋನಿನ ಧೂಳು ಬಿಟ್ಟು ಮೇಜಿನ ಮೇಲಿದ್ದ ಕ್ಲ್ಯಾರಿಯ ರಕ್ತದೊತ್ತಡದ ಮಾತ್ರೆಗಳನ್ನು ನುಂಗಿತು. ದನಿ ರೆಕಾರ್ಡ್ ಮಾಡಿ ಹಾಕಿ ನೋಡಿದರೆ ಗಪ್‌ಚಿಪ್.

“ಇದು ಹೋಯ್ತು ಬಿಡು,” ಎಂದ ಜ್ವೊಂಕೊ. “ಅವರ ವೆಬ್‌ಸೈಟಲ್ಲೂ ದನಿ ಕೊಡಬಹುದು ಅಂತ ಬರೆದಿದಾರಲ್ಲ. ನನ್ನ ಲ್ಯಾಪ್‌ಟಾಪ್ ಇದೆ.”

ಲ್ಯಾಪ್‌ಟಾಪ್ ಬಂತು. ಪರದೆಯ ಮೇಲೆ ಮೈಕ್ ಪರೀಕ್ಷೆಯ ಪಟ್ಟಿ ಕಾಣಿಸಿತು. ಮಾತಾಡಿದರೆ ಹಸಿರು ಗೆರೆ ಕುಣಿಯಬೇಕಂತೆ. ಕ್ಲ್ಯಾರಿ ಬಗ್ಗಿ, ಗಂಟಲು ಸರಿಮಾಡಿಕೊಂಡು, ಸಂಸ್ಥೆಯ ಅಧ್ಯಕ್ಷರೇ ಎದುರಿಗೆ ಕೂತಿದ್ದಾರೆಂಬಂತೆ ಹೇಳಿದ. ಗೆರೆ ಮಲಗೇ ಇತ್ತು.

“ಇಲ್ಲೇನೋ ಕಪ್ಪು ಟೇಪು ಅಂಟಿಸಿದೀಯಲ್ಲೋ?”

“ಕ್ಯಾಮೆರಾ ಮೇಲೊಂದು, ಮೈಕ್ ಮೇಲೊಂದು. ನಮ್ಮೂರಲ್ಲಿ ಗೋಡೆಗೂ ಕಿವಿ ಇತ್ತು ಕಣಪ್ಪ, ನಿಂಗೇನು ಗೊತ್ತು.”

ಟೇಪು ಕಿತ್ತರು. ಗೆರೆ ಆಗಲೂ ಏಳಲಿಲ್ಲ. ಮೈಕ್ ಬಳಸಲು ಅನುಮತಿ ಇಲ್ಲ ಎಂದು ಮೂಲೆಯಲ್ಲಿ ಬರೆದಿತ್ತು. ಯಾವ ಯಂತ್ರ ಯಾವ ಅನುಮತಿ ಕೇಳಿದರೂ ‘ಎಂದೆಂದಿಗೂ ಬೇಡ’ ಒತ್ತುವುದು ಜ್ವೊಂಕೊನ ಸಿದ್ಧಾಂತವಾಗಿತ್ತು. ಆ ಬೇಡವನ್ನು ಬೇಕು ಮಾಡಲು ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಹೊರಗೆ ಗಿಳಿಯೊಂದು ಕಿರುಚಿದ್ದಕ್ಕೆ ಗೆರೆ ಚಂಗನೆ ಎದ್ದಿತು. ಇಬ್ಬರೂ ಕೈ ಕೈ ತಟ್ಟಿಕೊಂಡರು. ಸಿದ್ಧಾಂತಿಗೆ ಆಗಲೇ ಪರದೆಯ ಮೇಲೆ ಹೊಸದೊಂದು ಪ್ರಶ್ನೆ ಬಂತು, ಈಗ ಅಪ್‌ಡೇಟ್ ಮಾಡಲೇ ಎಂದು. ಅನುಮತಿ ಕೊಡುವ ಹುರುಪಿನಲ್ಲಿದ್ದ ಜ್ವೊಂಕೊ ‘ಹೂಂ’ ಒತ್ತಿಬಿಟ್ಟ. ಪರದೆ ನೀಲಿಯಾಯಿತು. ಆಫ್ ಮಾಡಬೇಡಿ, ಶೇಕಡ ಎರಡು ಮುಗಿದಿದೆ ಎಂದಿತು.

“ಜೀವಮಾನದಲ್ಲಿ ಒಂದೇ ಸಲ ಹೂಂ ಅಂದೆ,” ಎಂದ ಜ್ವೊಂಕೊ, ಅಳುವ ದನಿಯಲ್ಲಿ.

ಮೂರು ಗಂಟೆಗೆ ಕ್ಲಬ್ಬಿನಿಂದ ನೋಲೀನ್ ಬಂದಳು. ನೇರ ಕ್ಲ್ಯಾರಿಯ ಮನೆಗೇ ಬಂದಳು.

“ಏನದು ಸಹಿ ಸಹಿ ಅಂತ ಬೆಳಿಗ್ಗೆಯಿಂದ ಅರಚ್ತಿದೀಯಂತೆ? ಎದುರುಮನೆಯವರು ಆಂಬುಲೆನ್ಸ್ ಕರೆಯೋದರಲ್ಲಿದ್ರು.”

“ರೇಡಿಯೊ ಸ್ಪರ್ಧೆ,” ಎಂದ ಕ್ಲ್ಯಾರಿ. ಬಾಯಿಗೆ ಬಂದ ಮೊದಲ ಸುಳ್ಳು ಅದೇ.

“ಸ್ಪರ್ಧೇನಾ! ನಾನಿದೀನಲ್ಲ, ಬಿಡು.” ಅವಳು ಫೋನ್ ಕಿತ್ತುಕೊಂಡು ಮೂಸಿ ನೋಡಿದಳು. “ಮೈಕಿಗೆ ಶೀತ ಆಗಿದೆ. ಯೂಕಲಿಪ್ಟಸ್ ಎಣ್ಣೆ ಎಲ್ಲಿ?”

ಎಣ್ಣೆ ಹಚ್ಚಿ ಒರೆಸಿದ್ದಾಯಿತು. ಲೆಸ್ ಒಮ್ಮೆ ಇಂಥದೇ ಫೋನನ್ನು ಬಿಯರಿನಲ್ಲಿ ಬೀಳಿಸಿದ ಕತೆ, ಅದನ್ನು ಅಕ್ಕಿಯಲ್ಲಿ ಹೂತ ಕತೆ, ಆ ಅಕ್ಕಿಯ ಪಾಯಸ ತಿಂದ ಪಾದ್ರಿಯ ಕತೆ, ಎಲ್ಲವೂ ಆಯಿತು. ಗಂಟೆ ನಾಲ್ಕೂವರೆಗೆ ಬಂದು ನಿಂತಿತು. ಕ್ಲ್ಯಾರಿಗೆ ಸಮುದ್ರ ಕಣ್ಣೆದುರೇ ಬತ್ತಿಹೋದ ಹಾಗಾಯಿತು.

“ಸ್ಕೋನ್ ಬನ್ನು ಒಲೆಗಿಟ್ಟು ಬರ್ತೀನಿ,” ಎಂದು ನೋಲೀನ್ ಎದ್ದು ಹೋದಳು.

ಕ್ಲ್ಯಾರಿ ಕೊನೆಯ ಆಸೆಯಿಂದ ಫೋನ್ ಹಚ್ಚಿ, ಮೂರು ಸಲ ಹೇಳಿ, ಕಣ್ಣು ಮುಚ್ಚಿ ಕೂತ. ಮೆಸೇಜು ಬಂತು: ‘ಧನ್ಯವಾದ ಮಿಸ್ಟರ್ ಪಾಸ್ಕೋ. ನಿಮ್ಮ ದನಿ ಸ್ಪಷ್ಟವಾಗಿ ದಾಖಲಾಗಿದೆ. ಐದರೊಳಗೆ ಕರೆ ಮಾಡಿ ಒಪ್ಪಿಗೆ ತಿಳಿಸಿ.’

ಇಬ್ಬರು ಮುದುಕರೂ ತಬ್ಬಿಕೊಂಡು ಕುಣಿದರು. ಜ್ವೊಂಕೊ ಬ್ರಷ್ಷಿನ ಮಹಿಮೆ ಎಂದ, ಕ್ಲ್ಯಾರಿ ಎಣ್ಣೆಯ ಮಹಿಮೆ ಎಂದ. ಒಪ್ಪಿಗೆ ಹೇಳಲು ಮತ್ತೆ ಫೋನ್ ಹಚ್ಚುತ್ತಿದ್ದಂತೆ ನೋಲೀನ್ ಕೈತುಂಬ ಹಿಟ್ಟು ಮೆತ್ತಿಕೊಂಡು ಒಳಗೆ ನುಗ್ಗಿದಳು.

“ಕ್ಲ್ಯಾರಿ, ನನ್ನ ಅಡುಗೆಮನೇಲಿ ಒಬ್ಬಳು ಮಾತಾಡ್ತಿದಾಳೆ! ಹಾಡು ಕೇಳೋ ಆ ಡಬ್ಬ ಇವತ್ತು ಬೆಳಿಗ್ಗೆ ಆನ್ ಮಾಡಿಟ್ಟಿದ್ದೆ, ಅದರೊಳಗಿಂದ. ಆಗಲೇ ಒಂದ್ಸಲ ಬಂದು, ‘ನನ್ನ ದನಿಯೇ ನನ್ನ ಸಹಿ’ ಹೇಳಿ ಅಂದ್ಲು. ಪಾಪ, ಎಷ್ಟು ಮರ್ಯಾದೆಯಿಂದ ಕೇಳಿದ್ಲು ಗೊತ್ತಾ? ನಿನ್ನ ಸ್ಪರ್ಧೆ ಅಲ್ವಾ ಅಂತ ಮೂರು ಸಲಾನೂ ಹೇಳಿದೆ. ಈಗ ಮತ್ತೆ ಬಂದಿದಾಳೆ, ನನ್ನನ್ನೇ ಮಿಸ್ಟರ್ ಪಾಸ್ಕೋ ಅಂತಿದಾಳೆ!”

ಜ್ವೊಂಕೊ ಫೋನ್ ಕಸಿದು ನೋಡಿದ. ಜನವರಿಯ ಬಾರ್ಬೆಕ್ಯೂ ದಿನ ಹಾಡು ಹಾಕಲೆಂದು ಕ್ಲ್ಯಾರಿಯ ಫೋನನ್ನು ನೋಲೀನಳ ಬ್ಲೂಟೂತ್ ಡಬ್ಬಕ್ಕೆ ಜೋಡಿಸಿದ್ದರು. ಡಬ್ಬ ಆನ್ ಆದದ್ದೇ ತಡ, ಫೋನು ತಾನಾಗಿ ಗೋಡೆಯಾಚೆಗೆ ಹೋಗಿ ಅದಕ್ಕೆ ಅಂಟಿಕೊಂಡಿತ್ತು. ಕಿವಿ, ಬಾಯಿ ಎರಡೂ ಬೆಳಿಗ್ಗೆಯಿಂದ ನೋಲೀನಳ ಅಡುಗೆಮನೆಯಲ್ಲಿದ್ದವು. ಮೈಕಿಗೆ ಯಾವ ರೋಗವೂ ಇರಲಿಲ್ಲ.

ಬ್ಲೂಟೂತ್ ಆಫ್ ಮಾಡಿ, ಸ್ಪೀಕರ್ ಹಾಕಿ, ಕ್ಲ್ಯಾರಿ ತಾನೇ ಮಾತಾಡಿದ. ಈಗ ಯಂತ್ರದ ದನಿ ಅವನಿಗೂ ಕೇಳಿಸಿತು: “ಕ್ಷಮಿಸಿ. ಈ ದನಿ ಮಿಸ್ಟರ್ ಪಾಸ್ಕೋ ಅವರದಲ್ಲ.”

“ನಾನೇ ಕಣೇ ಪಾಸ್ಕೋ!”

“ಕ್ಷಮಿಸಿ. ಈ ದನಿ ಮಿಸ್ಟರ್ ಪಾಸ್ಕೋ ಅವರದಲ್ಲ.”

ಗಂಟೆ ಐದಾಗಲು ಆರು ನಿಮಿಷವಿತ್ತು. ಬೇರೆ ದಾರಿ ಇರಲಿಲ್ಲ. ಕ್ಲ್ಯಾರಿ ನೆಲ ನೋಡುತ್ತ ಬಾಲಿನಾದ ಮನೆಯ ವಿಷಯ ಬಾಯಿಬಿಟ್ಟ. ಸ್ಪರ್ಧೆ ಸುಳ್ಳೆಂದೂ ಹೇಳಿದ.

ನೋಲೀನ್ ಸುಮ್ಮನಾದಳು. ಹನ್ನೊಂದು ವರ್ಷ ಕ್ಲ್ಯಾರಿ ದೇವರಲ್ಲಿ ಬೇಡಿದ ಮೌನ ಅದು. ಸಿಕ್ಕಿದಾಗ ಅವನಿಗೆ ತಡೆಯಲಾಗಲಿಲ್ಲ, ನಾಚಿಕೆಯಿಂದ ಕುಗ್ಗಿಹೋದ.

“ಹೇಳದೇ ಹೋಗ್ತಿದ್ಯಾ?” ಎಂದಳು ಅವಳು. ಆಮೇಲೆ ಕೈಯ ಹಿಟ್ಟು ಲಂಗಕ್ಕೆ ಒರೆಸಿಕೊಂಡು, “ಕೊಡು ಇಲ್ಲಿ” ಎಂದು ಫೋನ್ ತೆಗೆದುಕೊಂಡಳು. “ನನ್ನ ದನಿಯೇ ನನ್ನ ಸಹಿ.”

“ಸ್ವಾಗತ, ಮಿಸ್ಟರ್ ಪಾಸ್ಕೋ,” ಎಂದಿತು ಯಂತ್ರ, ಹಳೆಯ ಗೆಳೆಯ ಸಿಕ್ಕಷ್ಟು ಖುಷಿಯಲ್ಲಿ. ನಿಜವಾದ ಅಧಿಕಾರಿಯೊಬ್ಬಳು ಲೈನಿಗೆ ಬಂದಳು. “ನಮಸ್ಕಾರ ಸಾರ್. ದನಿ ಸ್ವಲ್ಪ...”

“ಶೀತ,” ಎಂದಳು ನೋಲೀನ್.

“ಪರದೇಲಿ ಹಸಿರು ಬಂದಿದೆ, ನಂಗಷ್ಟೇ ಸಾಕು. ಮನೆ ಒಪ್ಪಿಗೇನಾ?”

“ಒಪ್ಪಿಗೆ.”

ಕ್ಲ್ಯಾರಿಗೆ ಉಸಿರು ಬಂತು. ಪುಣ್ಯಾತಗಿತ್ತಿ, ಇಷ್ಟು ದಿನ ಇವಳನ್ನು ಬೈದುಕೊಂಡೆನಲ್ಲ ಎಂದು ಕಣ್ಣು ಒದ್ದೆಯಾಯಿತು.

“ಎಷ್ಟು ಜನ ಇರ್ತೀರಿ ಸಾರ್?”

ನೋಲೀನ್ ಗೋಡೆಯ ಕಡೆ ಒಮ್ಮೆ ನೋಡಿದಳು. “ಇಬ್ಬರು.”

“ಒಬ್ನೇ!” ಎಂದು ಕ್ಲ್ಯಾರಿ ಕಿರುಚಿದ.

“ಇಬ್ಬರಾದ್ರೆ ಅಲ್ಲೇ ಎರಡು ರೂಮಿಂದೂ ಒಂದು ಖಾಲಿ ಇದೆ, ಅದನ್ನೇ ಬರ್ಕೊತೀನಿ. ಇನ್ನೊಬ್ಬರ ಹೆಸರು?”

“ನೋಲೀನ್ ಟ್ರಿಪ್. ತುಂಬಾ ಒಳ್ಳೇ ಹೆಂಗಸು.”

“ಇಲ್ಲ! ಬೇಡ! ನಾನೊಬ್ನೇ ಹೋಗೋದು! ನಾನು ಕಣ್ರೀ ಪಾಸ್ಕೋ!”

“ಮಿಸ್ಟರ್ ಪಾಸ್ಕೋ,” ಅಧಿಕಾರಿಯ ದನಿ ಗಂಭೀರವಾಯಿತು, “ಅಲ್ಲಿ ಯಾರೋ ಗಂಡಸು ಕೂಗಾಡ್ತಿದಾನಲ್ಲ? ಪೊಲೀಸ್‌ನೋರಿಗೆ ಹೇಳ್ಲಾ?”

“ಅಯ್ಯೋ, ಬೇಡ ಕಣಮ್ಮ. ಪಕ್ಕದ ಮನೆಯೋನು. ಪಾಪ, ಕಿವಿ ಮಂದ.”

“ನಿಮ್ಮ ಮೈಕ್ ತುಂಬಾ ಚೆನ್ನಾಗಿದೆ ಸಾರ್, ಪ್ರತಿಯೊಂದೂ ಕೇಳಿಸ್ತಿದೆ. ಅವರನ್ನ ಒಂದು ನಿಮಿಷ ಆಚೆ ಕಳಿಸ್ತೀರಾ?”

ಜ್ವೊಂಕೊ ಕ್ಲ್ಯಾರಿಯ ತೋಳು ಹಿಡಿದು ಅವನ ಮನೆಯಿಂದ ಅವನನ್ನೇ ಆಚೆ ನಡೆಸಿಕೊಂಡು ಬಂದು, ಸದ್ದಾಗದಂತೆ ಬಾಗಿಲು ಎಳೆದುಕೊಂಡ.