ಬೀಗಿತ್ತಿಗೊಂದು ನೇರಳೆ ಕೇಕು

ನಮ್ಮ ಮನೆಯಲ್ಲಿ ಯಾವ ವಸ್ತುವಿಗೂ ಬರಿಮೈಯಲ್ಲಿ ಇರುವ ಹಕ್ಕಿಲ್ಲ ಎಂಬುದು ನಮ್ಮ ಯಜಮಾನರಾದ ಕ್ರಿಸ್ಪುಲೊ ಅವರ ಇಪ್ಪತ್ತು ವರ್ಷಗಳ ದೂರು. ಅನ್ನದ ಕುಕ್ಕರಿಗೆ ಲೇಸಿನ ಟೋಪಿ, ನೀರಿನ ಕ್ಯಾನಿಗೆ ಹೂವಿನ ಲಂಗ, ಟಿವಿ ರಿಮೋಟಿಗೆ ಉಣ್ಣೆಯ ಕವಚ. "ಈ ಮನೇಲಿ ಅಂಗಡಿ ಬಟ್ಟೆ ಹಾಕ್ಕೊಂಡು ಓಡಾಡ್ತಿರೋನು ನಾನೊಬ್ಬನೇ" ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಾರೆ. (ಅದೂ ಸುಳ್ಳು. ಹೀಗೆ ಹೇಳುವಾಗ ಅವರು ತೊಟ್ಟಿರುವ ಚಡ್ಡಿ ನಮ್ಮ ಹಳೆಯ ಪರದೆಯಿಂದ ನಾನೇ ಹೊಲಿದದ್ದು.)

ಆದರೆ ನನ್ನ ಕಷ್ಟ ನನಗೆ. ಕೈ ಸುಮ್ಮನಿದ್ದರೆ ನನ್ನ ತಲೆ ಸುಮ್ಮನಿರುವುದಿಲ್ಲ. ಮಗಳು ಬರುವ ಜೀಪ್ನಿ ಬಸ್ಸು ಹತ್ತು ನಿಮಿಷ ತಡವಾದರೆ ಅದು ಕಂದಕಕ್ಕೆ ಉರುಳಿದೆ ಎಂದು ನನಗೆ ಖಾತ್ರಿ. ಫೋನು ಎರಡು ಸಲ ಬಡಿದುಕೊಂಡರೆ ಯಾರೋ ಹೋದರು ಎಂದೇ ಲೆಕ್ಕ. ಆಗ ಕೈಗೆ ಕತ್ತರಿ, ಗೋಂದು, ಒಂದಿಷ್ಟು ಬಣ್ಣದ ಕಾಗದ ಸಿಕ್ಕರೆ ಅರ್ಧ ಗಂಟೆಯಲ್ಲಿ ಒಂದು ಹೂವಾಗುತ್ತದೆ, ಎದೆಬಡಿತವೂ ಹತೋಟಿಗೆ ಬರುತ್ತದೆ. ಲಿಪಾ ಊರಿನಲ್ಲಿ ನಮ್ಮ ಮನೆಯಷ್ಟು ಕಾಗದದ ಹೂವಿರುವ ಮನೆ ಇನ್ನೊಂದಿಲ್ಲ ಎಂದರೆ ನಾನು ಎಷ್ಟು ಯೋಚನೆ ಮಾಡುವ ಹೆಂಗಸು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಈ ಹೂಗಳನ್ನು ನಾನು ಮಾಡುವುದಕ್ಕೂ ನಮ್ಮ ನಾಯಿ ತಿನ್ನುವುದಕ್ಕೂ ಸರಿಹೋಗುತ್ತಿತ್ತು.

ನಾಯಿಯ ಹೆಸರು ಪುತೊ. ಅಂಗೈಯಲ್ಲಿ ಕೂರುವ ಬೆಳ್ಳಗಿನ ಮರಿಯಾಗಿ ಯಜಮಾನರು ಕಾಫಿ ಗೋದಾಮಿನಿಂದ ಎತ್ತಿಕೊಂಡು ಬಂದಾಗ ಅದು ನಮ್ಮ ಪುತೊ ತಿಂಡಿಯಂತೆಯೇ, ಆವಿಯಲ್ಲಿ ಬೆಂದ ಅಕ್ಕಿಹಿಟ್ಟಿನ ಪುಟ್ಟ ಕಡುಬಿನಂತೆಯೇ ಇತ್ತು. ಈಗ ಆ ಕಡುಬು ಇಪ್ಪತ್ತೆಂಟು ಕಿಲೋ ತೂಗುತ್ತದೆ. ಗೋಂದು, ಮೇಣದಬತ್ತಿ, ಉಣ್ಣೆ, ಯಜಮಾನರ ಒಂದು ಜೊತೆ ಕನ್ನಡಕ, ಪಾದ್ರಿಗಳು ಮನೆಗೆ ಬಂದಾಗ ಬಾಗಿಲಲ್ಲಿ ಬಿಟ್ಟಿದ್ದ ಎಡಗಾಲಿನ ಚಪ್ಪಲಿ, ಇಷ್ಟನ್ನೂ ಅದು ಅರಗಿಸಿಕೊಂಡಿದೆ. ಕಟ್ಟಿಹಾಕಿದರೆ ಸತ್ತವರ ಮನೆಯಲ್ಲಿ ಅಳುವಂತೆ ಊಳಿಡುತ್ತದೆ. ಬಿಟ್ಟರೆ ನಾವು ಅಳಬೇಕು.

ಹೀಗಿರುವಾಗ ನಮ್ಮ ಮಗಳು ಮರಿಕಾರ್ ಒಂದು ಮಂಗಳವಾರ ಶಾಲೆಯಿಂದ ಬಂದವಳೇ (ಅವಳು ಮೂರನೇ ತರಗತಿಯ ಟೀಚರು) ಕಾಲು ತೊಳೆಯುವ ಮೊದಲೇ ಸುದ್ದಿ ಹೇಳಿದಳು.

"ಅಮ್ಮ, ಭಾನುವಾರ ಮಧ್ಯಾಹ್ನ ರೊನೆಲ್ ಅವನಮ್ಮನ್ನ ಕರ್ಕೊಂಡು ಬರ್ತಾನೆ. ಹೆಣ್ಣು ಕೇಳೋಕೆ."

ಏಳು ವರ್ಷದಿಂದ ಜೊತೆಯಲ್ಲಿ ಓಡಾಡುತ್ತಿದ್ದ ಹುಡುಗ. ಮರಿಕಾರ್‌ಗೆ ಮೂವತ್ತೊಂದು ತುಂಬಿತ್ತು. ಈ ದಿನಕ್ಕಾಗಿ ನಾನು ಮೇಣದಬತ್ತಿ ಹಚ್ಚದ ಸಂತರಿರಲಿಲ್ಲ. ಸಂತೋಷದಿಂದ ಕುಣಿಯಬೇಕಾದವಳು ಕುರ್ಚಿ ಹಿಡಿದುಕೊಂಡು ಕೂತೆ.

"ಅವರಮ್ಮ ಹೇಗೆ?"

"ಅಲಿಂಗ್ ಬೆನಿಲ್ಡಾ ಒಳ್ಳೆಯವ್ರೇ ಅಮ್ಮ. ಒಂದೇ ಅಂದ್ರೆ, ನಾಲಿಗೆ ಸ್ವಲ್ಪ ಚುರುಕು. ಒಂದು ತುತ್ತು ಬಾಯಿಗಿಟ್ರೆ ಸಾಕು, ಎಷ್ಟು ಮೊಟ್ಟೆ ಬಿದ್ದಿದೆ ಅಂತ ಹೇಳಿಬಿಡ್ತಾರಂತೆ. ಅವ್ರೂರು ಟನಾವಾನಿಂದ ಬರೋವಾಗ ಸಿಹಿ ತರ್ತೀನಿ ಅಂತಿದ್ರು. ನಾನೇ ಬೇಡ ಅಂದೆ. ನಮ್ಮಮ್ಮ ಎಲ್ಲಾನೂ ಕೈಯಾರೆ ಮಾಡ್ತಾರೆ, ಊಬೆ ಕೇಕೂ ಅವ್ರೇ ಮಾಡ್ತಾರೆ ಅಂತ ಹೇಳಿದೀನಿ."

ಅಲಿಂಗ್ ಎಂದರೆ ನಮ್ಮಲ್ಲಿ ದೊಡ್ಡ ಹೆಂಗಸರ ಹೆಸರಿನ ಮುಂದೆ ಸೇರಿಸುವ ಗೌರವದ ಮಾತು, ಊಬೆ ಎಂದರೆ ನೇರಳೆ ಗೆಣಸು. ಅದನ್ನು ಬೇಯಿಸಿ, ತುರಿದು, ಕಾಯಿಹಾಲಿನಲ್ಲಿ ಕಲಸಿ ಮಾಡುವ ಕೇಕನ್ನು ನಾನು ಮೊಬೈಲಿನಲ್ಲಿ ನೂರು ಸಲ ನೋಡಿದ್ದೆ. ಮಾಡಿದ್ದು ಎರಡು ಸಲ. ಒಮ್ಮೆ ಅದು ಉಬ್ಬಲಿಲ್ಲ. ಇನ್ನೊಮ್ಮೆ ಉಬ್ಬುವುದನ್ನು ನಿಲ್ಲಿಸಲಿಲ್ಲ.

ಮುಂದಿನ ನಾಲ್ಕು ದಿನಗಳಲ್ಲಿ ನಾನು ನಲವತ್ತೆರಡು ಹೂ, ಒಂಬತ್ತು ತೋರಣ, ಆರು ದಿಂಬಿನ ಚೀಲ ತಯಾರಿಸಿದೆ. ಬಾಗಿಲ ಮೇಲೆ ಜೋಳದ ಸಿಪ್ಪೆಯ ಕಮಾನು ಎದ್ದಿತು. ಯಜಮಾನರು ಮನೆಯೊಳಗೆ ಬರುವಾಗ ತಲೆ ಬಗ್ಗಿಸಬೇಕಾಯಿತು. "ಹೆಣ್ಣು ಕೇಳೋಕೆ ಬರ್ತಿರೋದೋ, ಬಿಷಪ್ ಬರ್ತಿರೋದೋ?" ಎಂದು ಕೇಳಿದರು. ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು.

ಶನಿವಾರ ಮಧ್ಯಾಹ್ನ ಮಹಾಕಾರ್ಯಕ್ಕೆ ಕೈಹಾಕಿದೆ. ಗೆಣಸು ತುರಿದೆ, ಮೊಟ್ಟೆ ಒಡೆದೆ, ಹಿಟ್ಟು ಜರಡಿ ಹಿಡಿದೆ, ಸೋಡಾ ಹಾಕಿದೆ. ಆಗ ಪುತೊ ಹೊಸ ದಿಂಬೊಂದನ್ನು ಕಚ್ಚಿಕೊಂಡು ಅಂಗಳಕ್ಕೆ ಓಡಿತು, ನಾನು ಅದರ ಹಿಂದೆ ಓಡಿದೆ. ದಿಂಬಿನ ಮುಕ್ಕಾಲು ಭಾಗವನ್ನು ಬಿಡಿಸಿಕೊಂಡು ಬಂದು ನೋಡಿದರೆ ಸೋಡಾ ಹಾಕಿದೆನೋ ಇಲ್ಲವೋ ಎಂಬ ಅನುಮಾನ. ಇರಲಿ ಎಂದು ಒಂದು ಚಮಚ ಹಾಕಿದೆ. ಓವನ್ನಿಗೆ ಇಡುವ ಹೊತ್ತಿಗೆ, ಆಗ ಹಾಕಿದ್ದು ಸೋಡಾನೋ ಸಕ್ಕರೆಯೋ ಎಂಬ ಇನ್ನೊಂದು ಅನುಮಾನ. ಮೊದಲ ಸಲ ಉಬ್ಬದೇ ಹೋದ ಕೇಕು ಕಣ್ಣ ಮುಂದೆ ಬಂತು. ಮತ್ತೊಂದು ಚಮಚ ಹಾಕಿದೆ.

ಕೇಕು ಉಬ್ಬಿತು. ಬಣ್ಣ ಮಾತ್ರ ಅಂಚಿನಲ್ಲಿ ಸ್ವಲ್ಪ ಹಸಿರಿಗೆ ತಿರುಗಿದಂತೆ ಕಂಡಿತು. ಕಿಟಕಿಯ ಹೊರಗಿನ ಬಾಳೆ ಎಲೆಗಳ ಬೆಳಕಿರಬೇಕು ಅಂದುಕೊಂಡೆ. ನೇರಳೆ ಕ್ರೀಮು ಮೆತ್ತಿದ ಮೇಲೆ ಅದೂ ಮುಚ್ಚಿಹೋಯಿತು. ಮೇಲೆ ಇಪ್ಪತ್ತು ಸಕ್ಕರೆ ಹೂಗಳನ್ನಿಟ್ಟು ದೂರ ನಿಂತು ನೋಡಿದೆ. ಕಣ್ಣಲ್ಲಿ ನೀರು ಬಂತು. ಇಂಥ ಕೇಕನ್ನು ಕಂಡು ಹೆಣ್ಣು ಬೇಡ ಎನ್ನುವ ತಾಯಿ ಇರಲಾರಳು.

ಭಾನುವಾರ ಬೆಳಿಗ್ಗೆ ಮರಿಕಾರ್ ಚರ್ಚಿಗೆ ಹೋದಳು. ಅಲ್ಲಿಂದ ತಲೆಗೂದಲು ಮಾಡಿಸಿಕೊಂಡು ಬೀಗರ ಜೊತೆಯಲ್ಲೇ ಬರುವುದೆಂದು ತೀರ್ಮಾನವಾಗಿತ್ತು. ನಾನು ಪುತೊವನ್ನು ಹಿತ್ತಲಿನ ಮಾವಿನ ಮರಕ್ಕೆ ಕಟ್ಟಿ, ಯಜಮಾನರನ್ನು ಕಾವಲಿಗೆ ಕೂರಿಸಿ, ಸ್ನಾನಕ್ಕೆ ಹೋದೆ. ಸ್ನಾನದ ಮನೆಯಲ್ಲಿ ಊಳು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು. ನಿಂತದ್ದು ಕೇಳಿ ನನ್ನ ಎದೆಯೂ ನಿಂತಿತು.

ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದಾಗ ಪುತೊ ಊಟದ ಮೇಜಿನ ಮೇಲಿತ್ತು. ಕೇಕಿನ ಅರ್ಧ ಪುತೊವಿನ ಒಳಗಿತ್ತು. ಮೂತಿಯಿಂದ ಕಿವಿಯವರೆಗೆ ನೇರಳೆ ಬಣ್ಣ. ಉಳಿದರ್ಧವನ್ನು ಅದು ಮೂಸಿ ನೋಡಿ, ತಿನ್ನದೆ ಕೆಳಗಿಳಿದು ಹೋಯಿತು. ಅದಕ್ಕೂ ಪಶ್ಚಾತ್ತಾಪವೆಂಬುದು ಇದೆ ಎಂದು ಆ ದುಃಖದಲ್ಲೂ ನನಗೆ ಅನ್ನಿಸಿತು.

"ರೀ, ಇದನ್ನ ಬಿಟ್ಟೋರು ಯಾರು?"

"ಅಳ್ತಾ ಇತ್ತು ಕಣೇ ಲುಡಿ. ಅಕ್ಕಪಕ್ಕದೋರೆಲ್ಲ ನೋಡ್ತಿದ್ರು. ಒಂದ್ನಿಮಿಷ ಬಿಟ್ಟೆ ಅಷ್ಟೆ."

"ಈಗ ನಾನು ಅಳ್ತೀನಿ, ನನ್ನನ್ನೂ ಬಿಟ್ಬಿಡಿ. ಎಲ್ಲಾದ್ರೂ ಹೋಗ್ತೀನಿ."

ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಬೀಗರು ಬರುವುದು ಹನ್ನೆರಡಕ್ಕೆ. ಅಳುವುದಕ್ಕೂ ಪುರುಸೊತ್ತಿಲ್ಲ. ಮಾರುಕಟ್ಟೆಯ ಹತ್ತಿರದ ಬೇಕರಿಯಲ್ಲಿ ಊಬೆ ಕೇಕು ಸಿಗುತ್ತದೆ ಎಂದು ನೆನಪಾಗಿ ಯಜಮಾನರನ್ನು ಬೈಕಿನಲ್ಲಿ ಓಡಿಸಿದೆ. ಉಳಿದ ಅರ್ಧ ಕೇಕನ್ನು ಎಸೆಯಲು ಮನಸ್ಸು ಬಾರದೆ ದೊಡ್ಡ ಪಾತ್ರೆಯೊಂದರಲ್ಲಿಟ್ಟು ಮುಚ್ಚಿದೆ. ಪುತೊವಿನ ಮೂತಿ ಉಜ್ಜಿದೆ. ಸೋಪಿಗೂ ಆ ಬಣ್ಣ ಜಗ್ಗಲಿಲ್ಲ. ಅರ್ಧ ಗಂಟೆಯಲ್ಲಿ ಯಜಮಾನರು ಒಂದು ಡಬ್ಬಿ ಹಿಡಿದು ಬಂದರು. ಅಂಗಡಿಯವರ ಹೂವನ್ನು ಚಮಚದಿಂದ ಕೆರೆದು ತೆಗೆದು, ನನ್ನ ಸಕ್ಕರೆ ಹೂಗಳಲ್ಲಿ ಬದುಕುಳಿದಿದ್ದ ಏಳನ್ನು ಅದರ ಮೇಲೆ ಚುಚ್ಚಿದೆ. ಇದು ಮೋಸವಲ್ಲ, ಅಲಂಕಾರ ಎಂದು ಮನಸ್ಸಿಗೆ ಹೇಳಿಕೊಂಡೆ.

ಅಲಿಂಗ್ ಬೆನಿಲ್ಡಾ ಸಣ್ಣ ದೇಹದ, ನೆಟ್ಟಗೆ ನಡೆಯುವ ವಿಧವೆ. ಬಾಗಿಲ ಕಮಾನಿನ ಕೆಳಗೆ ತಲೆ ಬಗ್ಗಿಸದೆ ದಾಟಿದವರು ಅವರೊಬ್ಬರೇ. ನನ್ನ ಹೂಗಳನ್ನು ನೋಡಿದರು, ತೋರಣಗಳನ್ನು ನೋಡಿದರು, ಕುಕ್ಕರಿನ ಟೋಪಿಯನ್ನು ಬಹಳ ಹೊತ್ತು ನೋಡಿದರು. ಊಟಕ್ಕೆ ಕೂತಾಗ ಹುರಿದ ಹಂದಿಮಾಂಸ ಚೆನ್ನಾಗಿದೆ ಎಂದರು. ನನಗೆ ಒಂದಿಷ್ಟು ಉಸಿರು ಬಂತು. ಆಮೇಲೆ ಕೇಕು ಬಂತು.

ಅವರು ಒಂದು ತುಂಡು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದರು. ಇನ್ನೊಂದು ತುಂಡು ತಿಂದರು.

"ಇದನ್ನ ನೀವೇ ಮಾಡಿದ್ರಾ, ಅಲಿಂಗ್ ಲುಡಿ?"

"ನಾನೇ. ನಮ್ಮಜ್ಜಿ ಹೇಳಿಕೊಟ್ಟ ರೀತಿ." (ನಮ್ಮ ಅಜ್ಜಿಗೆ ಓವನ್ ಎಂದರೇನೆಂದು ಕೊನೆಯವರೆಗೂ ಗೊತ್ತಿರಲಿಲ್ಲ.)

"ಕಾಯಿಹಾಲು ಮೊದಲನೇ ಸಲ ಹಿಂಡಿದ್ದೋ, ಎರಡನೇ ಸಲದ್ದೋ?"

"ಎರಡನೇದು. ಮೊದಲನೇದು ಜಿಡ್ಡಾಗುತ್ತೆ ಅಂತ ಅಜ್ಜಿ ಹೇಳ್ತಿದ್ರು. ಮೂರು ಗಂಟೆ ಕೈಯಲ್ಲೇ ಕಲಸಿದ್ದು. ನೋಡಿ, ಈ ಭುಜ ಇನ್ನೂ ಎತ್ತೋಕಾಗ್ತಿಲ್ಲ."

ರೊನೆಲ್‌ಗೆ ಕೆಮ್ಮು ಬಂತು. ಮರಿಕಾರ್ ನನ್ನನ್ನು ಒಂದು ಥರ ದಿಟ್ಟಿಸಿದಳು. ಏನೋ ಕಡಿಮೆಯಾಯಿತೆಂದು ನಾನು ಅಜ್ಜಿಯ ಬಗ್ಗೆ ಇನ್ನೂ ನಾಲ್ಕು ಮಾತು ಸೇರಿಸಿದೆ. ಅಷ್ಟರಲ್ಲಿ ಪುತೊ ಒಳಗೆ ಬಂದು ಸೀದಾ ಅಲಿಂಗ್ ಬೆನಿಲ್ಡಾ ಅವರ ಮಡಿಲಿಗೆ ಮೂತಿಯಿಟ್ಟಿತು.

"ಈ ನಾಯಿ ಮುಖ ಯಾಕೆ ನೇರಳೆ?"

"ಅದು ಹುಟ್ಟಿನಿಂದಲೇ ಹಾಗೆ. ವಂಶದಲ್ಲಿ ಚೀನಾ ನಾಯಿ ರಕ್ತ ಇದೆಯಂತೆ."

ಮಾತು ಬದಲಿಸಿ ನನ್ನನ್ನು ಕಾಪಾಡಬೇಕೆಂದು ನಮ್ಮ ಯಜಮಾನರಿಗೆ ಆ ಗಳಿಗೆಯಲ್ಲೇ ಅನ್ನಿಸಬೇಕೆ. ಅವರು ಗಂಟಲು ಸರಿಮಾಡಿಕೊಂಡರು. "ಕೇಕು ಅಂದ್ರೆ ನಿಮ್ಮ ಟನಾವಾನೂ ಕಡಿಮೆ ಇಲ್ಲ ಬಿಡಿ. ಇಲ್ಲಿ ಮಾರ್ಕೆಟ್ ಹತ್ರ ಬೇಕರಿಯೋರು ಹೇಳಿದ್ರು, ಟನಾವಾನಿಂದ ಒಬ್ಬ ವಿಧವೆ ಹೆಂಗಸು ದಿನಾ ಬೆಳಿಗ್ಗೆ ಮನೇಲಿ ಮಾಡಿ ಜೀಪ್ನಿಯಲ್ಲಿ ಕಳಿಸ್ತಾರಂತೆ. ಊಬೆ ಕೇಕಂತೂ..."

ನಾನು ಮೇಜಿನ ಕೆಳಗೆ ಒದ್ದೆ. ಒದೆ ಬಿದ್ದದ್ದು ಪುತೊವಿಗೆ. ಅದು ಕುಂಯ್ ಎಂದಿತು. ರೊನೆಲ್ ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದ, ಮರಿಕಾರ್ ಕಣ್ಣು ಮುಚ್ಚಿಕೊಂಡಿದ್ದಳು. ನನಗೆ ಎಲ್ಲವೂ ಅರ್ಥವಾಯಿತು: ಆ ವಿಧವೆ ನನ್ನ ಎದುರಿಗೇ ಕೂತು ತಮ್ಮದೇ ಕೇಕು ತಿನ್ನುತ್ತಿದ್ದರು. ಏಳು ವರ್ಷದ ಪ್ರೀತಿ, ನಾನು ಹಚ್ಚಿದ ಮೇಣದಬತ್ತಿಗಳು, ಎಲ್ಲ ಒಂದು ಕೇಕಿನಲ್ಲಿ ಮುಗಿದುಹೋದಂತೆ ಕಂಡಿತು.

ಅಲಿಂಗ್ ಬೆನಿಲ್ಡಾ ಬಾಯಿ ಒರೆಸಿಕೊಂಡು ಎದ್ದರು. "ತಟ್ಟೆ ತೊಳೆಯೋಣ ಬನ್ನಿ" ಎಂದು ನನ್ನನ್ನು ಅಡುಗೆಮನೆಗೆ ಕರೆದರು. ಪುತೊ ಹಿಂದೆಯೇ ಬಂತು. ಅವರು ಸೋಪಿನ ಪುಡಿ ಹುಡುಕುತ್ತ ಕಟ್ಟೆಯ ಮೇಲಿದ್ದ ದೊಡ್ಡ ಪಾತ್ರೆಯ ಮುಚ್ಚಳ ತೆಗೆದರು. ನನ್ನ ಅರ್ಧ ಕೇಕು ಅಲ್ಲಿ ಕೂತಿತ್ತು.

ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. "ತಪ್ಪಾಯ್ತು ಅಲಿಂಗ್ ಬೆನಿಲ್ಡಾ. ನಾನು ಮಾಡಿದ್ದು ಇದು. ನಾಯಿ ತಿಂದುಬಿಡ್ತು. ಹೆದರಿಕೆಯಲ್ಲಿ ಸುಳ್ಳು ಹೇಳಿದೆ. ಮಗಳದ್ದು ಏನೂ ತಪ್ಪಿಲ್ಲ. ನನ್ನ ಮೇಲಿನ ಸಿಟ್ಟು ಅವಳ ಮೇಲೆ ಹಾಕ್ಬೇಡಿ" ಎಂದೆ.

ಅವರು ನಾಯಿ ಮುಟ್ಟದ ಕಡೆಯಿಂದ ಒಂದು ಚೂರು ಮುರಿದು ಬಾಯಿಗಿಟ್ಟರು. ಎರಡು ಸಲ ಅಗಿದರು. ಸಿಂಕಿನ ಕಡೆ ತಿರುಗಿ ಉಗುಳಿ, ನೀರು ಕುಡಿದು, ನಿಧಾನವಾಗಿ ಹೇಳಿದರು.

"ಸೋಡಾ ಎಷ್ಟು ಹಾಕಿದ್ರಿ?"

"ಮೂರು ಚಮಚ. ಹಾಕಿದೆನೋ ಇಲ್ವೋ ಅಂತ..."

"ಅದಕ್ಕೇ ಹಸಿರಾಗಿದೆ. ಆ ನಾಯಿಗೆ ಕೈಮುಗೀರಿ. ಇದನ್ನ ನಂಗೆ ಬಡಿಸಿದ್ರೆ ಈ ಹೊತ್ತಿಗೆ ನಾನು ಟನಾವಾನ್ ದಾರೀಲಿರ್ತಿದ್ದೆ."

ಗೋಂದು, ಮೇಣ, ಪಾದ್ರಿಗಳ ಚಪ್ಪಲಿ ಎಲ್ಲವನ್ನೂ ಮುಗಿಸಿದ ಪುತೊ ನನ್ನ ಕೇಕನ್ನು ಅರ್ಧಕ್ಕೇ ಬಿಟ್ಟದ್ದು ಪಶ್ಚಾತ್ತಾಪದಿಂದಲ್ಲ ಎಂದು ಆಗ ತಿಳಿಯಿತು. ಅದೂ ನನ್ನ ಮುಖ ನೋಡಲಿಲ್ಲ.

ಅಲಿಂಗ್ ಬೆನಿಲ್ಡಾ ಹೊರಗೆ ಬಂದು ಕೂತರು. ನಾನು ಬಾಗಿಲ ಮರೆಯಲ್ಲೇ ನಿಂತೆ. ಅವರು ಯಜಮಾನರನ್ನು ನೋಡಿ, ಕ್ರಮ ತಪ್ಪದೆ, ತಮ್ಮ ಮಗನಿಗೆ ಮರಿಕಾರ್‌ಳನ್ನು ಕೊಡಬೇಕೆಂದು ಕೇಳಿದರು. ಮದುವೆ ಜನವರಿಯ ಎರಡನೇ ಶನಿವಾರ ಎಂದು ನಿಶ್ಚಯವಾಯಿತು. ನಾನು ಮರೆ ಬಿಟ್ಟು ಎದುರಿಗೆ ಬಂದು ನಿಂತೆ.

"ಇನ್ನೊಂದು ಮಾತು. ಮದುವೆ ಕೇಕು ನಮ್ಮ ಬೀಗಿತ್ತಿಯವರೇ ಮಾಡ್ಲಿ. ಅಜ್ಜಿ ಹೇಳಿಕೊಟ್ಟ ರೀತಿ" ಎಂದರು ಅಲಿಂಗ್ ಬೆನಿಲ್ಡಾ. ಮುಖದಲ್ಲಿ ನಗುವಿನ ಒಂದು ಗೆರೆಯೂ ಇರಲಿಲ್ಲ. "ಇನ್ನೂರು ಜನಕ್ಕೆ. ಅಭ್ಯಾಸ ಬೇಕಾಗುತ್ತೆ. ಬುಧವಾರ, ಶನಿವಾರ ನಮ್ಮ ಮನೆಗೆ ಬನ್ನಿ. ಬೆಳಿಗ್ಗೆ ಐದಕ್ಕೆ."

ಇದು ಆರನೆಯ ವಾರ. ಮೊದಲ ಎರಡು ವಾರ ತಟ್ಟೆ ತೊಳೆದೆ. ಈಗ ಗೆಣಸಿನ ಸಿಪ್ಪೆ ಸುಲಿಯುವ ಮಟ್ಟಕ್ಕೆ ಬಡ್ತಿ ಸಿಕ್ಕಿದೆ. ಸೋಡಾ ಡಬ್ಬಿಯ ಹತ್ತಿರ ಹೋಗಲು ಇನ್ನೂ ಅಪ್ಪಣೆಯಿಲ್ಲ. ಮೊನ್ನೆ ಶನಿವಾರ ಮರಿಕಾರ್ ಅಲ್ಲಿಗೆ ಬಂದಳು. ಅಮ್ಮನ ಕಷ್ಟ ನೋಡಲಾರದೆ ಚಾಕು ತೆಗೆದುಕೊಳ್ಳಲು ಹೋದಳು. ಅಲಿಂಗ್ ಬೆನಿಲ್ಡಾ ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ ಕಾಫಿ ಕೊಟ್ಟರು.

"ನೀನು ಸುಮ್ನೆ ಕೂತ್ಕೋ ಮಗಳೇ, ವಾರವೆಲ್ಲ ಮಕ್ಕಳ ಜೊತೆ ಒದ್ದಾಡಿರ್ತೀಯ" ಎಂದರು. ಆಮೇಲೆ ನನ್ನ ಕಡೆ ತಿರುಗಿ ದನಿ ಬದಲಿಸಿದರು. "ಲುಡಿ, ಆ ಸಿಪ್ಪೆ ಇಷ್ಟು ದಪ್ಪ ತೆಗೀಬೇಡ ಅಂತ ಎಷ್ಟು ಸಲ ಹೇಳೋದು?"

ಆ ಮನೆಗೆ ಸೊಸೆಯಾಗಿ ಹೋಗಬೇಕಾದವಳು ನನ್ನ ಮಗಳು. ಅತ್ತೆಯ ಕಾಟ ಅನುಭವಿಸುತ್ತಿರುವವಳು ನಾನು.