ಹಗೇವಿನ ಪಾತಾಳರಾಜ

ನಮ್ಮ ಕಾಕಾನಿಗೆ ಈ ಲೋಕದಲ್ಲಿ ಇದ್ದ ವೈರಿಗಳು ಎರಡೇ. ಒಂದು ಬೆಳ್ಳುಳ್ಳಿ, ಇನ್ನೊಂದು ನಮ್ಮ ಕಾಕು. ಬೆಳ್ಳುಳ್ಳಿಯನ್ನು ವೈಷ್ಣವರ ಮನೆಯಿಂದ ಹೊರಗಿಡುವುದು ಸುಲಭ. ಆದರೆ ತಾಳಿ ಕಟ್ಟಿ, ವಾಲಗ ಊದಿಸಿ ಒಳಗೆ ಕರೆದುಕೊಂಡ ವೈರಿಯನ್ನು ಏನು ಮಾಡುವುದು?

ಯುದ್ಧಕ್ಕೆ ಮೂಲ ಒಂದು ಉಂಗುರ. ನಮ್ಮ ಮದುವೆಗಳಲ್ಲಿ ಉರುಟಣೆಯ ಆಟವಿದೆಯಲ್ಲ, ಕೆಂಪು ನೀರಿನ ಪಾತ್ರೆಯೊಳಗೆ ಉಂಗುರ ಹಾಕುತ್ತಾರೆ, ಮದುಮಕ್ಕಳಿಬ್ಬರೂ ಕೈ ಹಾಕಿ ಹುಡುಕುತ್ತಾರೆ. ಇವರ ಮದುವೆಯಲ್ಲಿ ಉಂಗುರ ಕಾಕಾನ ಕೈಗೆ ಸಿಕ್ಕಿತು. ಅದು ಮೊದಲೇ ಅವನ ಮುಷ್ಟಿಯಲ್ಲಿತ್ತು ಎಂದು ಕಾಕು ಬೀಗರೆಲ್ಲರ ಎದುರಿಗೆ ಸಾರಿಬಿಟ್ಟಳು! ಅಂದಿನಿಂದ ಇಬ್ಬರಿಗೂ ನೇರ ಮಾತಿಲ್ಲ. ಮಾತಿಲ್ಲವೆಂದರೆ ಮೌನವೆಂದು ತಿಳಿಯಬೇಡಿ. ಮಾತೆಲ್ಲ ಪಡಸಾಲೆಯ ಕಂಬದ ಮುಖಾಂತರ.

“ಏ ಕಂಬಾ, ಉಂಗುರಗಳ್ಳರಿಗೆ ಹೇಳು, ಎಲಿ ಹಾಕೇದ, ಏಳಬೇಕಂತ.”

“ಏ ಕಂಬಾ, ಸುಳ್ಳು ಅಂತ ಹೇಳು ಆಕಿಗೆ. ಗೆದ್ದಾಂವ ನಾ!”

“ಗೆದ್ದವರು ಸಾರು ಆರೂದ್ರಾಗ ಬರಬೇಕಂತ.”

ಗಂಡನನ್ನು ಕಳ್ಳ ಎನ್ನುವಾಗಲೂ ಕಾಕು ಮರ್ಯಾದೆ ಬಿಟ್ಟವಳಲ್ಲ. ಹೀಗೆಯೇ ಸಂಸಾರ ಸಾಗಿ, ಇಬ್ಬರು ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, ಗಂಡನ ಮನೆಗೂ ಹೋದರು. ಅದು ಹೇಗೆ ಸಾಧ್ಯವಾಯಿತೆಂದು ಕಂಬವನ್ನೇ ಕೇಳಬೇಕು!

ಈ ಅನುಭವದಿಂದ ಕಾಕಾ ಒಂದು ಸಿದ್ಧಾಂತ ಕಟ್ಟಿದ್ದ. ಜಗಳವಿಲ್ಲದ ಪ್ರೀತಿ ಉಪ್ಪಿಲ್ಲದ ಉಪ್ಪಿನಕಾಯಿ. ಅವನು ಹೇಳುವ ಕಥೆಗಳಲ್ಲಿ ರಾಜಕುಮಾರಿ ಮೊದಲು ರಾಜಕುಮಾರನ ಕುತ್ತಿಗೆಗೆ ಕತ್ತಿ ಹಿಡಿಯಬೇಕು, ಆಮೇಲೆ ಮಾಲೆ ಹಾಕಬೇಕು. ಹಾವು ಮುಂಗುಸಿಯ ಕಥೆ ಹೇಳೆಂದರೆ ಅವಕ್ಕೂ ಮುಹೂರ್ತ ನೋಡುತ್ತಿದ್ದ!

ನಮ್ಮಣ್ಣನಿಗೆ ಹೆಣ್ಣು ನೋಡಲು ತಿಳವಳ್ಳಿಗೆ ಹೋದಾಗ ಇವನನ್ನು ಬಿಟ್ಟುಹೋಗಲು ನಮ್ಮಪ್ಪ ಏನೆಲ್ಲ ಉಪಾಯ ಮಾಡಿದರು. ಕಾಕಾ ಮುಂಚಿತವಾಗಿಯೇ ಬಸ್ಸಿನಲ್ಲಿ ಕಿಡಕಿ ಪಕ್ಕ ಕೂತಿದ್ದ. ಅಲ್ಲಿ ಹುಡುಗಿ ಉಪ್ಪಿಟ್ಟು ತಂದಿಟ್ಟಳೋ ಇಲ್ಲವೋ, ಇವನು ಕೇಳಿಯೇಬಿಟ್ಟ.

“ತಂಗಿ, ಈ ಹುಡುಗನ್ನ ನೋಡಿದ್ರ ನಿನಗ ಸಿಟ್ಟು ಬರ್ತದೇನು?”

“ಇಲ್ರಿ.”

“ಛೇ! ನಡೀರಿ ಹಂಗಾರ. ಇದು ಕೂಡೂದಿಲ್ಲ.”

ಹುಡುಗಿ ತಲೆ ಎತ್ತಿದಳು. “ಈಗ ಬರ್ಲಿಕ್ಕತ್ತದ ನೋಡ್ರಿ, ನಿಮ್ಮನ್ನ ನೋಡಿ!”

ಕಾಕಾ ತೊಡೆ ತಟ್ಟಿದ. “ಭೇಷ್! ಸೊಸಿ ಸಿಕ್ಕಳು!” ಅವಳೇ ನಮ್ಮ ವೈನಿ. ಕಾಕಾನ ಮೇಲೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಹೇಳಹೊರಟದ್ದು ಎಪ್ಪತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಹಿರೇಬೆಂಡಿಗೇರಿಗೆ, ಕಾಕಾನ ಮನೆಗೆ, ಬಂದಿದ್ದೆ. ಕಾಲೇಜಿನಲ್ಲಿ ಕೇಳಿದ ಗ್ರೀಕರ ಪುರಾಣವೊಂದನ್ನು ಅವನಿಗೆ ಹೇಳಿದೆ. ಪಾತಾಳದ ರಾಜ ಬೆಳೆದೇವತೆಯ ಮಗಳನ್ನು ಹೊತ್ತುಕೊಂಡು ಹೋಗುತ್ತಾನೆ. ತಾಯಿ ಅತ್ತು ಭೂಮಿಯೆಲ್ಲ ಬರಡಾಗುತ್ತದೆ. ಮಗಳನ್ನು ಬಿಡಿಸೋಣವೆಂದರೆ ಅವಳು ಅಲ್ಲಿಯ ದಾಳಿಂಬೆ ತಿಂದುಬಿಟ್ಟಿದ್ದಾಳೆ. ಎಷ್ಟು ಕಾಳು ತಿಂದಳೋ ವರ್ಷದಲ್ಲಿ ಅಷ್ಟು ತಿಂಗಳು ಅವಳು ಅಲ್ಲೇ ಇರಬೇಕು.

ಕಾಕಾ ಉಯ್ಯಾಲೆಯಿಂದ ಧಡಕ್ಕನೆ ಇಳಿದ. “ಆಕಿ ಅವನ್ನ ಬೈತಾಳೋ ಇಲ್ಲೋ?”

“ಪುಸ್ತಕದಾಗ ಅಷ್ಟೇನ ಇಲ್ಲ ಕಾಕಾ.”

“ನಾ ಬೈಸ್ತೀನಿ!”

ಯುಗಾದಿಗೆ ಊರವರೆದುರು ಆಡುವ ನಾಟಕ ಅದೇ ಎಂದು ತೀರ್ಮಾನವಾಯಿತು. ಬೈಗುಳ ಮೂರು ಅಂಕ, ಪ್ರೀತಿ ಅರ್ಧ ಅಂಕ. ರಾಜನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುವುದೆಂದು ಬೇರೆ ಸೇರಿಸಿದ.

“ಕಾಕಾ, ಗ್ರೀಕರ ಕಥಿಯೊಳಗ ಗಿಳಿ ಇಲ್ಲ.”

“ಪಾಪ, ಅದಕ್ಕ ಅವರ ರಾಜ್ಯ ಮುಳುಗ್ತು!”

ರಾಜ ಸ್ವತಃ ಕಾಕಾ. ನಾಯಕಿ? ಊರಿನ ಯಾವ ಹೆಣ್ಣುಮಗಳೂ ಕಾಕಾನನ್ನು ಬೈಯಲು, ಅದೂ ಪ್ರೀತಿಯಿಂದ ಬೈಯಲು, ಒಪ್ಪಲಿಲ್ಲ. ಕೊನೆಗೆ ಮೀಸೆ ಬೋಳಿಸಿಕೊಂಡು, ಕಾಕುವಿನ ಇಳಕಲ್ ಸೀರೆ ಉಟ್ಟು ನಿಂತವನು ನಾನು. ಬಿ.ಎ. ಓದಿದ ಫಲ!

ಇನ್ನು ಪಾತಾಳ ಎಲ್ಲಿಂದ ತರುವುದು? ಅದು ಮನೆಯ ಮುಂದೆಯೇ ಇತ್ತು. ಜೋಳ ತುಂಬಿಡುವ ನೆಲದೊಳಗಿನ ಹಗೇವು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳುದ್ದಕ್ಕಿಂತ ಹೆಚ್ಚು ಆಳ. ಆ ವರ್ಷದ ಜೋಳ ತೆಗೆದು ಖಾಲಿಯಾಗಿತ್ತು. ಹಗೇವಿಗೆ ಹಾಗೆಯೇ ಯಾರೂ ಇಳಿಯುವುದಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಉಳಿದರೆ ಮನುಷ್ಯ ಉಳಿದಾನು. ದೀಪ ಹೋದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ. ಕಾಕಾ ಬೆಳಿಗ್ಗೆಯೇ ಕಂದೀಲು ಇಳಿಸಿ ನೋಡಿದ. ದೀಪ ನೆಟ್ಟಗೆ ಉರಿಯಿತು.

ಆದರೆ ಪಾತಾಳವೆಂದ ಮೇಲೆ ಹೊಗೆ ಬೇಡವೇ? ಕಾಕಾನ ಗೆಳೆಯರಾದ, ಸವಣೂರಿನಲ್ಲಿ ಅತ್ತರು ಮಾರುವ ಸಾಹೇಬರು ಲೋಬಾನದ ಪೊಟ್ಟಣ ಹಿಡಿದು ತಾಲೀಮು ನೋಡಲು ಬಂದರು.

“ಇದರ ಹೊಗಿ ಎದ್ರ ಜಿನ್ನ-ಭೂತಾನೂ ಹಾಜರ್ ಆಗ್ತಾವ್ರಿ ರಾಯರ!”

“ಜಿನ್ನ ಬ್ಯಾಡ್ರಿ ಸಾಹೇಬ್ರ, ಸದ್ಯಕ್ಕ ನಾ ಒಬ್ಬಾಂವ ಸಾಕು.”

ಮಧ್ಯಾಹ್ನ ಇಳಿಹೊತ್ತು. ಕಾಕಾ ಮುಖಕ್ಕೆ ಮಸಿ ಬಳಿದು, ಬೇಗಡೆ ಹಚ್ಚಿದ ಕಿರೀಟ ಇಟ್ಟು, ಕೆಂಡ ತುಂಬಿದ ಅಗ್ಗಿಷ್ಟಿಕೆ ಸಮೇತ ಏಣಿಯಿಂದ ಇಳಿದ. “ಹಲಗಿ ಮುಚ್ಚರಿ. ಮುಂಚೇನ ಹೊಗಿ ಕಂಡ್ರ ಮಜಾ ಹೋಗ್ತದ!” ಎಂದು ಒಳಗಿನಿಂದ ಅಪ್ಪಣೆಯಾಯಿತು. ಮುಚ್ಚಿದೆವು. ದೀಪ ಉಳಿದದ್ದು ಖಾಲಿ ಹಗೇವಿನಲ್ಲಿ. ಕೆಂಡ ಇಟ್ಟುಕೊಂಡು ಬಾಯಿ ಮುಚ್ಚಿದ ಹಗೇವು ಬೇರೆಯೇ ಹಗೇವು ಎಂಬುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ನಾಟಕದ ಗುಂಗು!

ಕಾಕು ಕಟ್ಟೆಯ ಮೇಲೆ, ನಮ್ಮ ಕಡೆ ಬೆನ್ನು ಹಾಕಿ, ಅಕ್ಕಿ ಆರಿಸುತ್ತ ಕೂತಿದ್ದಳು. ದಿನಾ ತಾಲೀಮಿನ ಹೊತ್ತಿಗೇ ಅವಳಿಗೆ ಅಲ್ಲಿ ಕೂತು ಅಕ್ಕಿ ಆರಿಸುವ ಕೆಲಸ ಬರುತ್ತಿತ್ತು.

ನಾನು ಮಾತು ಒಪ್ಪಿಸುತ್ತ ಹೋದೆ. ಉದ್ದದ ಮಾತು. ಕೊನೆಗೆ ನೆಲ ಒದ್ದು ಕೂಗಿದೆ. “ಎಲೈ ಪಾತಾಳರಾಜಾ, ಧೈರ್ಯವಿದ್ದರೆ ಹೊರಗೆ ಬಾ!”

ಹಲಗೆ ಏಳಲಿಲ್ಲ. ಮತ್ತೆ ಒದ್ದೆ. ನೆರೆದವರು ನಕ್ಕರು. “ರಾಯರು ಮಾತು ಮರತಾರ,” ಅಂದರು ಸಾಹೇಬರು.

ಕಾಕುವಿನ ಕೈ ಮೊರದಲ್ಲಿ ನಿಂತಿತು. “ಅವರಾ? ಮಾತು ಮರ್ಯೋದಾ?” ಎದ್ದು ನಿಂತಳು. ಹಗೇವಿನ ಹತ್ತಿರ ಬಂದು, ಕಂಬಗಿಂಬ ಯಾವುದೂ ಇಲ್ಲದೆ ನೇರವಾಗಿ ಒದರಿದಳು.

“ಉಂಗುರಗಳ್ಳಾ!”

ಆ ಮಾತಿಗೆ ಉತ್ತರ ಬಾರದ ದಿನವೇ ಆ ಮನೆಯಲ್ಲಿ ಇರಲಿಲ್ಲ. ಜ್ವರದಲ್ಲಿ ಮಲಗಿದಾಗಲೂ, ಜಪಕ್ಕೆ ಕೂತಾಗಲೂ ಕಾಕಾ ಕೈಸನ್ನೆಯಲ್ಲಾದರೂ ‘ಸುಳ್ಳು’ ಅನ್ನುತ್ತಿದ್ದ. ಈಗ ಏನೂ ಇಲ್ಲ.

“ಹಲಗಿ ತಗೀರೋ!” ಕಾಕುವಿನ ಆ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಹಲಗೆ ತೆಗೆದರೆ ಬಿಳಿ ಹೊಗೆ ಮುಖಕ್ಕೆ ರಾಚಿತು. ಸಾಹೇಬರು ಕಂದೀಲು ಇಳಿಸಿದರು. ಅರ್ಧ ಇಳಿಯುವಷ್ಟರಲ್ಲಿ ಫಕ್ಕನೆ ಆರಿತು. ಕಾಕು ಅಷ್ಟರಲ್ಲಿ ಸೆರಗನ್ನು ಬಿಂದಿಗೆಯ ನೀರಲ್ಲಿ ಅದ್ದಿ ಮೂಗುಬಾಯಿಗೆ ಸುತ್ತಿ, ಬಾವಿಯ ಹಗ್ಗ ಸೊಂಟಕ್ಕೆ ಬಿಗಿದುಕೊಂಡಿದ್ದಳು. ಇನ್ನೊಂದು ಹಗ್ಗ ಕೈಯಲ್ಲಿ.

“ಕಾಕು, ನೀ ಬ್ಯಾಡ, ನಾ ಇಳೀತೀನಿ!”

“ನೀ ಸೀರಿ ಉಟ್ಟು ನಡೀಲಿಕ್ಕೇ ಬರೂದಿಲ್ಲ, ಏಣಿ ಇಳೀತೀಯೇನು? ಹಗ್ಗ ಹಿಡಿ!”

ಇಳಿದೇಬಿಟ್ಟಳು. ಹಗ್ಗ ನನ್ನ ಕೈಯಲ್ಲಿ. ಅದು ಸ್ವಲ್ಪ ಹೊತ್ತು ಅಲುಗಾಡಿತು, ಆಮೇಲೆ ಸಡಿಲವಾಯಿತು. ಆ ಸಡಿಲ ಹಗ್ಗ ಇದೆಯಲ್ಲ, ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಎಲ್ಲಾದರೂ ಲೋಬಾನದ ವಾಸನೆ ಬಂದರೆ ಸಾಕು, ನನ್ನ ಮುಷ್ಟಿ ತಾನಾಗಿ ಬಿಗಿಯುತ್ತದೆ. ಕೊನೆಗೆ ಒಳಗಿನಿಂದ ಹಗ್ಗ ಜಗ್ಗಿತು. ಎಳೆದೆವು. ಮೊದಲು ಕಾಕುವಿನ ತಲೆ, ಕೆಮ್ಮು. ಆಮೇಲೆ ಎರಡನೆಯ ಹಗ್ಗದಲ್ಲಿ, ಕಂಕುಳಿಗೆ ಬಿಗಿದ ಗಂಟಿನಲ್ಲಿ ಜೋತಾಡುತ್ತ, ಪಾತಾಳರಾಜ.

ಅಂಗಳದಲ್ಲಿ ಮಲಗಿಸಿದೆವು. ಸೊಟ್ಟ ಕಿರೀಟ, ಮಸಿ ಮುಖ, ಅಲುಗಾಡದ ಎದೆ. ನೀರು ಚಿಮುಕಿಸಿದರು, ಗಾಳಿ ಬೀಸಿದರು. ಕಾಕು ಅವನ ಎರಡೂ ಕೆನ್ನೆ ಹಿಡಿದು ಅಲುಗಾಡಿಸಿದಳು.

“ಉಂಗುರಗಳ್ಳಾ! ಏ ಉಂಗುರಗಳ್ಳಾ! ಅನ್ರಿ ಏನರೇ!”

ತುಟಿ ಅಲುಗಿತು. ಒಣ ಎಲೆ ಸರಿದಂಥ ದನಿ.

“...ಸುಳ್ಳು.”

ಅಂಗಳಕ್ಕೆ ಅಂಗಳವೇ ನಕ್ಕು ಅತ್ತಿತು. ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಅಂದರು: “ಸಾವಿತ್ರಿ ಗಂಡನ್ನ ಯಮನ ಕೈಯಿಂದ ಬಿಡಿಸ್ಯಾಳಂತ ಕೇಳಿದ್ದೆ. ನಮ್ಮ ರಾಯರ ಮನಿಯವರು ಯಮನ್ನ ಎಳದು ತಂದ್ರಲ್ರಿ!”

ಶಿಗ್ಗಾವಿಯಿಂದ ಬಂದ ಡಾಕ್ಟರು ನೋಡಿ, ಗಾಳಿಯಲ್ಲಿ ಕೂಡಿಸಿರಿ, ಮಾತಾಡಿಸಬೇಡಿರಿ ಎಂದು ಹೇಳಿಹೋದರು. ಎರಡನೆಯದು ಆ ಮನೆಯಲ್ಲಿ ಆಗುವ ಮಾತೇ? ಆದರೆ ಆ ಸಂಜೆ ಅದೂ ಆಯಿತು. ಪಡಸಾಲೆಯ ಗೋಡೆಗೆ ಒರಗಿ ಕಾಕಾ ಸುಮ್ಮನೆ ಕೂತಿದ್ದ. ಕಾಕು ನಾಟಕಕ್ಕೆಂದು ತಂದಿಟ್ಟಿದ್ದ ದಾಳಿಂಬೆಯನ್ನು ಒಡೆದು ಬಟ್ಟಲಿಗೆ ಬಿಡಿಸಿದಳು. ಹಗ್ಗ ಉಜ್ಜಿ ಅವಳ ಅಂಗೈ ಕೆಂಪಾಗಿತ್ತು. ಕಾಕಾ ಒಂದು ಕಾಳು ತೆಗೆದುಕೊಳ್ಳಲು ಬಟ್ಟಲಿಗೆ ಕೈ ಹಾಕಿದ. ಅವಳ ಕೈ ಇನ್ನೂ ಬಟ್ಟಲಲ್ಲೇ ಇತ್ತು. ಅವಳು ತೆಗೆಯಲಿಲ್ಲ. ಇವನೂ ತೆಗೆಯಲಿಲ್ಲ.

“ನಿಮ್ಮ ನಾಟಕದಾಗ,” ಅಂದಳು ಕಾಕು. ಕಂಬದ ಕಡೆ ತಿರುಗಲಿಲ್ಲ. “ಎಷ್ಟು ಕಾಳು ತಿಂದರ ಅಷ್ಟು ತಿಂಗಳು ತಿಂದಲ್ಲೇ ಇರಬೇಕಲ್ಲಾ?”

“ಹೂಂ.”

“ಹಂಗಾರ ಒಂದೂ ಬಿಡಬ್ಯಾಡ್ರಿ. ಪೂರ್ತಿ ಹಣ್ಣು ತಿನ್ರಿ.”